ಗಡಿ ದಾಟಿದ್ರೆ ಬಿಯರ್ ರುಚಿ ಯಾಕೆ ಬದಲಾಗುತ್ತೆ? ಜರ್ಮನಿ, ಚೆಕ್, ಬೆಲ್ಜಿಯಂ ಜಗಳದ ಹಿನ್ನೆಲೆ

ಕೆಲಸಕ್ಕೆ ಅಂತ ಮ್ಯೂನಿಕ್‌ಗೆ ಬಂದ ಮೊದಲ ವರ್ಷ ನಮ್ಮ ಟೀಮಲ್ಲಿ ಒಬ್ಬ ಬವೇರಿಯಾದವನು, ಅಂದ್ರೆ ಮ್ಯೂನಿಕ್ ಇರೋ ಜರ್ಮನಿಯ ದಕ್ಷಿಣದ ರಾಜ್ಯದವನು, ಒಬ್ಬ ಚೆಕ್ ದೇಶದ ಪಿಲ್ಸೆನ್ ಊರಿನವನು ಇದ್ರು, ಶುಕ್ರವಾರ ಸಂಜೆ ಆಯ್ತು ಅಂದ್ರೆ ಇಬ್ಬರಿಗೂ ಅದೇ ಮಾತು, ಯಾರ ಬಿಯರ್ ದೊಡ್ಡದು. ಬವೇರಿಯಾದವನು ಬಾಟಲಿ ತಿರುಗಿಸಿ 1516 ಅನ್ನೋ ಇಸವಿ ತೋರಿಸ್ತಿದ್ದ, ನಮ್ಮದು 500 ವರ್ಷದಿಂದ ಶುದ್ಧ ಅಂತ. ಪಿಲ್ಸೆನ್‌ನವನು ಮಾತಾಡದೆ ಸುಮ್ಮನೆ ನಗ್ತಿದ್ದ, ಕೊನೆಗೆ ಒಂದೇ ಮಾತು, "ಬಂದು ನಮ್ಮೂರಲ್ಲಿ ಕುಡಿ, ಆಮೇಲೆ ಹೇಳು". ಹೋಗಿ ಕುಡಿದೆ. ರುಚಿ ನಿಜವಾಗ್ಲೂ ಬೇರೆ ಇದೆ, ಆದ್ರೆ ಅದು ಯಾಕೆ ಬೇರೆ ಅಂತ ಕೆದಕ್ತಾ ಹೋದ್ರೆ ಸಿಗೋ ಕಥೆ ಇಬ್ಬರೂ ಹೇಳಿದ್ದಕ್ಕಿಂತ ದೊಡ್ಡದು, ಅದರಲ್ಲಿ ಬ್ರೆಡ್ ಇದೆ, ತೆರಿಗೆ ಇದೆ, ಕೋರ್ಟು ಇದೆ, ಎಲ್ಲಕ್ಕಿಂತ ಹೆಚ್ಚಾಗಿ ನೀರು ಇದೆ.

ಮೊದಲು ಆ 1516 ವಿಷಯ. ಆ ವರ್ಷ ಏಪ್ರಿಲ್ 23ಕ್ಕೆ ಇಂಗೊಲ್‌ಸ್ಟಾಟ್ ಅನ್ನೋ ಊರಲ್ಲಿ ಬವೇರಿಯಾದ ಡ್ಯೂಕ್‌ಗಳಾದ ನಾಲ್ಕನೇ ವಿಲ್‌ಹೆಲ್ಮ್ ಮತ್ತು ಹತ್ತನೇ ಲುಡ್‌ವಿಗ್ ಒಂದು ಆಜ್ಞೆ ಹೊರಡಿಸಿದ್ರು, ಬಿಯರಿಗೆ ಬಾರ್ಲಿ, ನೀರು, ಕಹಿ ಮತ್ತು ಘಮ ಕೊಡೋ ಹಾಪ್ಸ್ ಅನ್ನೋ ಬಳ್ಳಿಯ ಹೂವು, ಇಷ್ಟೇ ಹಾಕಬೇಕು ಅಂತ. ಎಲ್ಲರೂ ನೆನಪಿಟ್ಟುಕೊಂಡಿರೋದು ಈ ಸಾಲು ಮಾತ್ರ. ಆದ್ರೆ ಆಜ್ಞೆಯನ್ನ ಪೂರ್ತಿ ಓದಿದ್ರೆ ಹೆಚ್ಚು ಭಾಗ ಇರೋದು ಬೆಲೆ ಬಗ್ಗೆ, ಚಳಿಗಾಲದಲ್ಲಿ ಒಂದು ಮಾಸ್ ಅಂದ್ರೆ ಲೀಟರಿಗಿಂತ ಸ್ವಲ್ಪ ಜಾಸ್ತಿ ಅಳತೆಗೆ ಒಂದು ಫೆನ್ನಿಗ್ (ಆಗಿನ ನಾಣ್ಯ) ಮೇಲೆ ತಗೋಬಾರದು, ಬೇಸಿಗೆಯಲ್ಲಿ ಎರಡರ ಮೇಲೆ ತಗೋಬಾರದು ಅಂತ. ಬಾರ್ಲಿ ಮಾತ್ರ ಅಂದಿದ್ದರ ಹಿಂದೆ ಗೋಧಿ ಮತ್ತು ರೈ ಅನ್ನೋ ಧಾನ್ಯ ಬ್ರೆಡ್ ಮಾಡೋರಿಗೆ ಉಳೀಲಿ ಅನ್ನೋ ಲೆಕ್ಕ ಇತ್ತು. ಸಿಹಿಯನ್ನ ಹುಳಿಸಿ ಮದ್ಯ ಮಾಡೋ ಯೀಸ್ಟಿನ ಹೆಸರೇ ಅದರಲ್ಲಿ ಇಲ್ಲ, ಅದು ಏನು ಕೆಲಸ ಮಾಡುತ್ತೆ ಅಂತ ಆಗ ಯಾರಿಗೂ ಗೊತ್ತಿರಲಿಲ್ಲ, ನಮ್ಮಲ್ಲಿ ಅಜ್ಜಿಯರು ಬ್ಯಾಕ್ಟೀರಿಯಾ ಅನ್ನೋ ಪದ ಕೇಳದೇನೇ ಹೆಪ್ಪು ಹಾಕಿ ಗಟ್ಟಿ ಮೊಸರು ಮಾಡ್ತಿದ್ರಲ್ಲ ಹಾಗೆ.

ಇನ್ನೊಂದು ವಿಷಯ, ಗೋಧಿ ಬಿಯರ್ ನಿಂತೇ ಹೋಯ್ತು ಅಂದುಕೊಂಡ್ರೆ ತಪ್ಪು. ಡೇಗೆನ್‌ಬೆರ್ಗ್ ಅನ್ನೋ ಶ್ರೀಮಂತ ಮನೆತನಕ್ಕೆ ಅದನ್ನ ಮಾಡೋ ವಿಶೇಷ ಹಕ್ಕು ಇತ್ತು, 1602ರಲ್ಲಿ ಆ ವಂಶ ಮುಗಿದ ಮೇಲೆ ಹಕ್ಕು ಡ್ಯೂಕ್ ಮ್ಯಾಕ್ಸಿಮಿಲಿಯನ್ ಕೈಗೆ ಬಂತು, ಅಲ್ಲಿಂದ ಗೋಧಿ ಬಿಯರ್ ಅರಮನೆಯ ಸ್ವಂತ ವ್ಯಾಪಾರ ಆಗಿ ಖಜಾನೆ ತುಂಬಿಸ್ತು. ಜನ ಬಾರ್ಲಿ, ಅರಮನೆ ಗೋಧಿ. 1872ರಲ್ಲಿ ಗೆಯೊರ್ಗ್ ಶ್ನೈಡರ್ ಅನ್ನೋ ಬ್ರೂವರ್ ಆ ಹಕ್ಕನ್ನ ಪಡೆದುಕೊಳ್ಳದೇ ಇದ್ದಿದ್ರೆ ಇವತ್ತು ಬೆಂಗಳೂರಿನ ಬ್ರೂ ಪಬ್‌ಗಳ ಮೆನುಲಿ ಹೆಫೆವೈಜನ್ ಅಂತ ಬರೆದಿರ್ತಾರಲ್ಲ, ಬಾಳೆಹಣ್ಣು ಲವಂಗದ ವಾಸನೆ ಬರೋದು, ಅದು ನಮ್ಮ ತನಕ ಬರ್ತಿತ್ತೋ ಇಲ್ವೋ. ಆ ವಾಸನೆಗೆ ಬಾಳೆಹಣ್ಣೂ ಹಾಕಲ್ಲ ಲವಂಗವೂ ಹಾಕಲ್ಲ, ಎಲ್ಲಾ ಯೀಸ್ಟಿಂದೇ ಬರೋದು.

ಬವೇರಿಯಾದ ಬಿಯರ್ ರುಚಿಯನ್ನ ನಿಜವಾಗಿ ತಿದ್ದಿದ್ದು ನನ್ನ ಪ್ರಕಾರ 1516 ಅಲ್ಲ, 1553. ಆ ವರ್ಷ ಬಂದ ಆಜ್ಞೆ ಪ್ರಕಾರ ಏಪ್ರಿಲ್ 23ರಿಂದ ಸೆಪ್ಟೆಂಬರ್ 29ರ ತನಕ ಬಿಯರ್ ಮಾಡೋ ಹಾಗೇ ಇಲ್ಲ. ಬೇಸಿಗೆಲಿ ಮಾಡಿದ್ದು ಬೇಗ ಹುಳಿಯಾಗ್ತಿತ್ತು ಅನ್ನೋದು ಕಾರಣ. ಹಾಗಾಗಿ ಚಳಿಲಿ ಮಾಡಬೇಕು, ನೆಲಮಾಳಿಗೆಲಿ ಐಸ್ ಜೊತೆ ತಿಂಗಳುಗಟ್ಟಲೆ ಇಡಬೇಕು, ಹೀಗೆ ಮಾಡ್ತಾ ಮಾಡ್ತಾ ಚಳಿಯಲ್ಲೂ ನಿಧಾನವಾಗಿ ಕೆಲಸ ಮಾಡೋ, ತಳಕ್ಕೆ ಕೂರೋ ಯೀಸ್ಟ್ ಒಂದೇ ಗೆದ್ದು ಉಳಿದುಕೊಳ್ತು. ಲಾಗರ್ ಅನ್ನೋ ಹೆಸರಿನ ಅರ್ಥವೇ ದಾಸ್ತಾನು ಇಡೋದು ಅಂತ. ಪ್ರಪಂಚದಲ್ಲಿ ಇವತ್ತು ಕುಡಿಯೋ ಬಿಯರಲ್ಲಿ ಬಹುಪಾಲು ಈ ಜಾತಿದೇ, ಊರಿನ ವೈನ್ ಶಾಪಲ್ಲಿ ಸಿಗೋ ಬಾಟಲಿಗಳು ಕೂಡ.

ಈಗ ಗಡಿ ಆಚೆ ಹೋಗೋಣ. ಪಿಲ್ಸೆನ್, ಚೆಕ್ ಭಾಷೇಲಿ ಪ್ಲ್ಜೆನ್, ಮ್ಯೂನಿಕ್‌ನಿಂದ ಬೆಂಗಳೂರು–ಶಿವಮೊಗ್ಗಕ್ಕಿಂತ ಹತ್ತಿರ. 1838ರಲ್ಲಿ ಅಲ್ಲಿನ ಬಿಯರ್ ಎಷ್ಟು ಕೆಟ್ಟಿತ್ತು ಅಂದ್ರೆ ಊರಿನವರು ಸಿಟ್ಟಿಗೆದ್ದು 36 ಬ್ಯಾರಲ್ ಬಿಯರನ್ನ ಟೌನ್ ಹಾಲ್ ಮುಂದೆ ಚರಂಡಿಗೆ ಸುರಿದುಬಿಟ್ರು. ಆಮೇಲೆ ಬಿಯರ್ ಮಾಡೋ ಹಕ್ಕಿದ್ದ ಊರಿನ ಮನೆಯವರೆಲ್ಲ ಸೇರಿ ಒಂದು ಹೊಸ ಬ್ರೂವರಿ ಕಟ್ಟಿದ್ರು, ಅದಕ್ಕೆ ಬ್ರೂವರ್ ಆಗಿ ಕರೆಸಿದ್ದು ಯಾರನ್ನ ಗೊತ್ತಾ, ಬವೇರಿಯಾದ ಫಿಲ್ಸ್‌ಹೋಫೆನ್ ಊರಿನ ಯೋಸೆಫ್ ಗ್ರೋಲ್‌ನ. ವಯಸ್ಸು 29. ಅವನು 1842ರ ಅಕ್ಟೋಬರ್ 5ಕ್ಕೆ ಮೊದಲ ಬಿಯರ್ ಹಾಕಿದ, ನವೆಂಬರ್ 11ಕ್ಕೆ ಸೇಂಟ್ ಮಾರ್ಟಿನ್ ದಿನ ಜನರಿಗೆ ಬಡಿಸಿದ್ರು. ಅಲ್ಲಿ ತನಕ ಬಿಯರ್ ಅಂದ್ರೆ ಹೆಚ್ಚಾಗಿ ಕಂದು, ಕಪ್ಪು ಬಣ್ಣದ್ದು, ಮಬ್ಬು ಮಬ್ಬು. ಇದು ಮಾತ್ರ ತಿಳಿ ಚಿನ್ನದ ಬಣ್ಣ.

ಹೆಂಗೆ ಬಂತು ಆ ಬಣ್ಣ, ಆ ರುಚಿ? ಗ್ರೋಲ್ ಜೊತೆ ಬಂದಿದ್ದು ಬವೇರಿಯಾದ ಚಳಿ ವಿದ್ಯೆ. ಮಾಲ್ಟನ್ನ, ಅಂದ್ರೆ ಮೊಳಕೆ ಬರಿಸಿದ ಬಾರ್ಲಿನ, ಬೆಂಕಿ ಹೊಗೆ ತಾಗದೆ ಬಿಸಿಗಾಳಿಲಿ ಒಣಗಿಸೋ ಗೂಡು ಇಂಗ್ಲೆಂಡ್ ಮಾದರಿದು, ಅದ್ರಿಂದ ಮಾಲ್ಟ್ ಸೀಯದೆ ಬಿಳಿಚಾಗೇ ಉಳೀತು. ಹಾಪ್ಸ್ ಹತ್ತಿರದ ಝಾಟೆಟ್ಸ್ ಊರಿಂದ, ಜರ್ಮನ್‌ನಲ್ಲಿ ಅದೇ ಊರಿಗೆ ಸಾಜ್ ಅಂತಾರೆ, ಕಹಿ ಕಮ್ಮಿ, ಹೂವಿನ ತರ ಘಮ, ಆ ಹಾಪ್ಸ್ ತೋಟಗಳ ಪ್ರದೇಶ 2023ರಲ್ಲಿ ಯುನೆಸ್ಕೋ ಪಟ್ಟಿಗೂ ಸೇರಿದೆ. ಇಷ್ಟೆಲ್ಲ ಇದ್ರೂ ನೀರು ಸರಿ ಇಲ್ಲದಿದ್ರೆ ಆಗ್ತಿರಲಿಲ್ಲ.

ನೀರಿನ ಮಹತ್ವ ನಮಗೆ ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಅಮ್ಮ ಬೆಂಗಳೂರಲ್ಲಿ ಬೋರ್‌ವೆಲ್ ನೀರಲ್ಲಿ ತೊಗರಿಬೇಳೆ ಬೇಯಲ್ಲ ಅಂತ ಸಾರಿಗೆ ಕಾವೇರಿ ನೀರು ಬೇರೆ ಕೊಡದಲ್ಲಿ ಹಿಡಿದಿಡ್ತಾರೆ, ಅದೇ ಬೇಳೆ, ಅದೇ ಕುಕ್ಕರ್, ಅದೇ ನಾಲ್ಕು ವಿಶಲ್, ಬೋರ್ ನೀರಲ್ಲಿ ಕಾಳು ಕಾಳಾಗೇ ಉಳಿಯುತ್ತೆ, ಕಾವೇರಿ ನೀರಲ್ಲಿ ಬೆಣ್ಣೆ ತರ ಕರಗುತ್ತೆ. ಮ್ಯೂನಿಕ್ ನೀರು ಗಡಸು, ಸುಣ್ಣದ ಅಂಶ ಜಾಸ್ತಿ. ಅಂಥ ನೀರಲ್ಲಿ ಬಿಳಿಚು ಮಾಲ್ಟ್ ಹಾಕಿ ಹಾಪ್ಸ್ ಜಾಸ್ತಿ ಮಾಡಿದ್ರೆ ಕಹಿ ಗಂಟಲಿಗೆ ಹಿಡಿಯುತ್ತೆ, ಅದೇ ಹುರಿದ ಕಪ್ಪು ಮಾಲ್ಟಲ್ಲಿ ಸ್ವಲ್ಪ ಹುಳಿ ಅಂಶ ಇರೋದ್ರಿಂದ ನೀರಿನ ಕ್ಷಾರಕ್ಕೆ ಸರಿಹೋಗುತ್ತೆ, ಅದಕ್ಕೇ ಮ್ಯೂನಿಕ್ ಶತಮಾನಗಟ್ಟಲೆ ಕಪ್ಪು ಬಿಯರಿನ ಊರು. ಪಿಲ್ಸೆನ್ ನೀರು ತುಂಬಾ ಮೆದು, ಮಳೆ ನೀರಿನ ಹತ್ತಿರ ಹತ್ತಿರ. ಹಾಪ್ಸ್ ಧಾರಾಳ ಹಾಕಿದ್ರೂ ಕಹಿ ನಾಲಿಗೆ ಮೇಲೆ ದುಂಡಗೆ ಕೂರುತ್ತೆ, ಚುಚ್ಚಲ್ಲ. ಅಂದ್ರೆ ಬವೇರಿಯಾದವನೇ ಹೋಗಿ ಮಾಡಿದ ಬಿಯರ್ ಬವೇರಿಯಾದ ನೀರಲ್ಲಿ ಆಗ್ತಾ ಇರಲಿಲ್ಲ.

ಮ್ಯೂನಿಕ್‌ನವರಿಗೆ ಇದಕ್ಕೆ ಉತ್ತರ ಕೊಡೋಕೆ ಅರ್ಧ ಶತಮಾನ ಬೇಕಾಯ್ತು. 1894ರಲ್ಲಿ ಸ್ಪಾಟೆನ್ ಬ್ರೂವರಿ ಹೆಲ್ಲೆಸ್ ಅಂತ ತಿಳಿ ಬಣ್ಣದ ಬಿಯರ್ ತಂತು, ಹಾಪ್ಸ್ ಕಮ್ಮಿ, ಮಾಲ್ಟಿನ ಬ್ರೆಡ್ ತರದ ಸಿಹಿ ಮುಂದೆ. ಜರ್ಮನಿಯ ಉತ್ತರದ ಕಡೆಯವರು ಪಿಲ್ಸ್ ಅಂತ ತಮ್ಮದೇ ಶುರು ಮಾಡಿದ್ರು, ಸಿಹಿ ಪೂರ್ತಿ ಹುಳಿಸಿ ಒಣ ಒಣ ಮಾಡಿ ಕಹಿ ಚೂಪು ಮಾಡಿದ್ರು. ಪಿಲ್ಸೆನ್‌ನವರು 1898ರಲ್ಲಿ ಮೂಲ ಬುಗ್ಗೆ ಅನ್ನೋ ಅರ್ಥದ ಉರ್‌ಕ್ವೆಲ್ ಹೆಸರನ್ನ ಟ್ರೇಡ್‌ಮಾರ್ಕ್ ಮಾಡಿಸಿದ್ರು, ಆದ್ರೆ ಜರ್ಮನ್ ಕೋರ್ಟುಗಳು ಪಿಲ್ಸ್ ಅನ್ನೋದು ಊರಿನ ಹೆಸರಲ್ಲ ಬಿಯರಿನ ಬಗೆ ಅಂತಲೇ ಒಪ್ಪಿಕೊಂಡ್ವು. ಬುಡ್‌ವೈಜರ್ ಹೆಸರಿಗೆ ಚೆಕ್ ಬುಡ್ಯೋವಿತ್ಸೆ ಊರಿನವರೂ ಅಮೆರಿಕದವರೂ ನೂರು ವರ್ಷದ ಮೇಲೆ ಕಿತ್ತಾಡಿದ್ದು ಇನ್ನೊಂದು ದೊಡ್ಡ ಕಥೆ, ಇಲ್ಲಿ ಬೇಡ.

ರುಚಿ ಹೋಲಿಸಿ ಹೇಳು ಅಂದ್ರೆ ಹೀಗೆ ಹೇಳ್ತೀನಿ. ಪಿಲ್ಸೆನ್ ಬ್ರೂವರಿ ಕೆಳಗೆ ಕಿಲೋಮೀಟರುಗಟ್ಟಲೆ ಸುರಂಗ ಇದೆ, ಕಲ್ಲು ಒದ್ದೆ, ಚಳಿಗೆ ಜಾಕೆಟ್ ಬೇಕು, ಕೊನೆಗೆ ಒಂದು ಓಕ್ ಮರದ ದೊಡ್ಡ ಪೀಪಾಯಿಂದ ಫಿಲ್ಟರ್ ಮಾಡದೇ ಇರೋದನ್ನ ಗ್ಲಾಸಿಗೆ ಹಿಡಿದು ಕೊಡ್ತಾರೆ. ಮೊದಲು ನೊರೆ, ಗಟ್ಟಿ, ಹಾಲಿನ ಕೆನೆ ತರ ತುಟಿಗೆ ಅಂಟುತ್ತೆ, ಆಮೇಲೆ ಸ್ವಲ್ಪ ಬೆಣ್ಣೆ ವಾಸನೆ, ಮಾಲ್ಟಿನ ಸಿಹಿ, ನುಂಗಿದ ಮೇಲೆ ನಿಧಾನಕ್ಕೆ ಕಹಿ ಬಂದು ಸುಮಾರು ಹೊತ್ತು ನಿಲ್ಲುತ್ತೆ. ಅಲ್ಲಿ ಈಗಲೂ ಮಾಲ್ಟಿನ ಗಂಜಿಲಿ ಒಂದು ಪಾಲು ತೆಗೆದು ಬೇರೆ ಹಂಡೆಲಿ ಕುದಿಸಿ ವಾಪಸ್ ಸುರೀತಾರೆ, ಮೂರು ಸಲ, ಟೈಮೂ ಸೌದೆಖರ್ಚೂ ಜಾಸ್ತಿ ಅಂತ ಜರ್ಮನಿಲಿ ಬಹಳ ಕಡೆ ಇದನ್ನ ಬಿಟ್ಟಿದ್ದಾರೆ, ಆ ಮೈಕಟ್ಟು ಬರೋದು ಅಲ್ಲಿಂದ. ಹೆಲ್ಲೆಸ್ ಪಕ್ಕದಲ್ಲಿಟ್ಟು ಕುಡಿದ್ರೆ ಹೆಲ್ಲೆಸ್ ಶುಭ್ರ, ಮೆದು, ಎರಡನೇ ಗ್ಲಾಸಿಗೂ ಬೇಜಾರಾಗಲ್ಲ, ಆದ್ರೆ ನೆನಪಲ್ಲಿ ಉಳಿಯೋದು ಪಿಲ್ಸೆನ್‌ದೇ. ಇದು ನನ್ನ ನಾಲಿಗೆ ಮಾತು. ತಲಾವಾರು ಲೆಕ್ಕದಲ್ಲಿ ಪ್ರಪಂಚದಲ್ಲೇ ಅತಿ ಹೆಚ್ಚು ಬಿಯರ್ ಕುಡಿಯೋರು ಚೆಕ್‌ನವರೇ, ವರ್ಷಾನುಗಟ್ಟಲೆಯಿಂದ.

ಪಶ್ಚಿಮದ ಗಡಿ ದಾಟಿ ಬೆಲ್ಜಿಯಂಗೆ ಹೋದ್ರೆ ಈ ಶುದ್ಧತೆ ಮಾತೇ ಯಾರೂ ಎತ್ತಲ್ಲ. ಕೊತ್ತಂಬರಿ ಬೀಜ, ಕಿತ್ತಳೆ ಸಿಪ್ಪೆ, ಸಕ್ಕರೆ, ಚೆರಿ ಹಣ್ಣು ಏನು ಬೇಕಾದ್ರೂ ಹಾಕ್ತಾರೆ. ಬ್ರಸೆಲ್ಸ್ ಸುತ್ತಮುತ್ತ ಲಾಂಬಿಕ್ ಅಂತ ಮಾಡ್ತಾರೆ, ಕುದಿಸಿದ ಸಿಹಿ ನೀರನ್ನ ರಾತ್ರಿಯೆಲ್ಲ ಅಗಲ ತಟ್ಟೆಲಿ ತೆರೆದಿಟ್ಟು ಗಾಳಿಲಿರೋ ಯೀಸ್ಟ್ ತಾನಾಗೇ ಬಂದು ಬೀಳಲಿ ಅಂತ ಬಿಡ್ತಾರೆ, ಅದೂ ಚಳಿ ತಿಂಗಳಲ್ಲಿ ಮಾತ್ರ, ಹುಳಿ ಹುಳಿ ರುಚಿ. ಸ್ಟ್ರಾಂಗ್ ಬಿಯರುಗಳು ಅಲ್ಲಿ ಬೆಳೆದಿದ್ದಕ್ಕೂ ಒಂದು ಕಾನೂನೇ ದೊಡ್ಡ ಕಾರಣ, 1919ರಲ್ಲಿ ಮಂತ್ರಿ ಎಮಿಲ್ ವಾಂಡರ್‌ವೆಲ್ಡೆ ಹೆಸರಿನ ಕಾಯ್ದೆ ಬಂದು ಪಬ್‌ಗಳಲ್ಲಿ ಜಿನ್ ತರದ ಹಾರ್ಡ್ ಡ್ರಿಂಕ್ಸ್ ಮಾರೋದು ನಿಂತ್ಹೋಯ್ತು, ಜನಕ್ಕೆ ಕಿಕ್ ಬೇಕಿತ್ತು, ಬ್ರೂವರುಗಳು ಬಿಯರನ್ನೇ ಸ್ಟ್ರಾಂಗ್ ಮಾಡಿದ್ರು. ಕೊತ್ತಂಬರಿ ಹಾಕಿದ ಬಿಳಿ ಬಿಯರ್ 1950ರ ದಶಕದಲ್ಲಿ ನಿಂತೇ ಹೋಗಿತ್ತು, ಹೂಗಾರ್ಡನ್ ಊರಲ್ಲಿ ಹಾಲು ಮಾರ್ತಿದ್ದ ಪಿಯೆರ್ ಸೆಲಿಸ್ ಅನ್ನೋರು 1960ರ ದಶಕದಲ್ಲಿ ಅದನ್ನ ಮತ್ತೆ ಶುರು ಮಾಡಿದ್ರು. 2016ರಲ್ಲಿ ಬೆಲ್ಜಿಯಂನ ಬಿಯರ್ ಸಂಸ್ಕೃತಿಯನ್ನ ಯುನೆಸ್ಕೋ ಪಟ್ಟಿಗೆ ಸೇರಿಸ್ತು. ಅದೇ 2016, ಜರ್ಮನಿ ತನ್ನ ಶುದ್ಧತೆ ಆಜ್ಞೆಯ 500ನೇ ವರ್ಷ ಆಚರಿಸ್ತಿತ್ತು.

ಜಗಳ ಕೋರ್ಟಿಗೆ ಹೋಗಿದ್ದು ಇಲ್ಲಿಂದಲೇ. ಬವೇರಿಯಾದ ನಿಯಮ 1906ರಲ್ಲಿ ಇಡೀ ಜರ್ಮನಿಗೆ ಬಂತು, ಅದೂ ಬಿಯರ್ ತೆರಿಗೆ ಕಾನೂನಿನ ಒಳಗೆ. ರೈನ್‌ಹೈಟ್ಸ್‌ಗೆಬೋಟ್, ಅಂದ್ರೆ ಶುದ್ಧತೆ ಆಜ್ಞೆ, ಅನ್ನೋ ಹೆಸರೇ 1918ರ ಬವೇರಿಯಾ ಶಾಸನಸಭೆಯ ಚರ್ಚೆಲಿ ಬಂದಿದ್ದು, ಅಲ್ಲಿ ತನಕ ಅದನ್ನ ಹಾಗಂತ ಯಾರೂ ಕರೀತಿರಲಿಲ್ಲ. ಈ ಕಾನೂನು ಹಿಡ್ಕೊಂಡು ಪಕ್ಕದ ದೇಶದ ಬಿಯರನ್ನ ಬಿಯರ್ ಅನ್ನೋ ಹೆಸರಲ್ಲಿ ಮಾರೋಕೇ ಬಿಡ್ತಿರಲಿಲ್ಲ. ಗಡಿ ಆಚೆ ಫ್ರಾನ್ಸಿನ ಅಲ್ಸಾಸ್‌ನಲ್ಲಿದ್ದ ಪೆಶರ್ ಬ್ರೂವರಿ 1981ರಲ್ಲಿ ಜರ್ಮನಿಗೆ ಕಳಿಸೋದನ್ನೇ ನಿಲ್ಲಿಸಬೇಕಾಯ್ತು. ಯುರೋಪಿಯನ್ ಕೋರ್ಟ್ ಮುಂದೆ ಜರ್ಮನಿಯ ವಾದ ಏನಂದ್ರೆ ನಮ್ಮ ಜನ ಬಿಯರ್ ಬಹಳ ಕುಡೀತಾರೆ, ಅದರಲ್ಲಿ ಬೇರೆ ಪದಾರ್ಥ ಸೇರಿಸಿದ್ರೆ ಆರೋಗ್ಯಕ್ಕೆ ಅಪಾಯ ಅಂತ. 1987ರ ಮಾರ್ಚ್ 12ಕ್ಕೆ ಕೋರ್ಟ್ ಅದನ್ನ ಒಪ್ಪಲಿಲ್ಲ, ಏನು ಹಾಕಿದ್ದೀರ ಅಂತ ಲೇಬಲ್ ಮೇಲೆ ಬರೆದ್ರೆ ಸಾಕು, ಜನ ನೋಡಿ ತಗೋತಾರೆ ಅಂತು. ನಂಗೆ ಆ ತೀರ್ಪು ಸರಿ ಅನ್ಸುತ್ತೆ. ನಮ್ಮಲ್ಲಿ ಬಹಳಷ್ಟು ಲಾಗರ್‌ಗೆ ಅಕ್ಕಿ ಹಾಕ್ತಾರೆ, ಅಕ್ಕಿ ವಿಷ ಅಲ್ಲ, ಆದ್ರೆ ಹಾಕಿದ್ದೀವಿ ಅಂತ ಹೇಳಲಿ.

ಅಷ್ಟಾದ್ಮೇಲೂ ಜರ್ಮನಿಯ ಒಳಗಿನ ಬ್ರೂವರುಗಳಿಗೆ ಹಳೇ ನಿಯಮ ಹಾಗೇ ಉಳೀತು. ಪೋಲೆಂಡ್ ಗಡಿ ಹತ್ತಿರ ನೊಯ್‌ಟ್ಸೆಲ್ಲೆ ಅನ್ನೋ ಊರಲ್ಲಿ ಕಪ್ಪು ಬಿಯರಿಗೆ ಸಕ್ಕರೆ ಪಾಕ ಸೇರಿಸಿ ಮಾಡ್ತಿದ್ರು, ಇದು ಬಿಯರೇ ಅಲ್ಲ ಅಂತ ಅಧಿಕಾರಿಗಳು ಹೆಸರು ಕಿತ್ತು ಹಾಕಿಸಿದ್ರು, ಹತ್ತು ವರ್ಷಕ್ಕೂ ಮೇಲೆ ಓಡಾಡಿ 2005ರಲ್ಲಿ ಲೈಪ್‌ಜಿಗ್ ಕೋರ್ಟಿಂದ ಬಿಯರ್ ಅನ್ನೋ ಮೂರಕ್ಷರ ವಾಪಸ್ ಪಡೆದ್ರು. ಚೆಕ್‌ನವರೂ ಸುಮ್ಮನೆ ಕೂರಲಿಲ್ಲ, 2008ರಲ್ಲಿ ಚೆಸ್ಕೆ ಪಿವೊ ಅಂದ್ರೆ ಚೆಕ್ ಬಿಯರ್ ಅನ್ನೋ ಹೆಸರಿಗೇ ಯುರೋಪಿನ ರಕ್ಷಣೆ ತಗೊಂಡ್ರು.

ಇನ್ನು ಗ್ರೋಲ್. ಪಿಲ್ಸೆನ್‌ನವರು 1845ರಲ್ಲಿ ಅವನ ಕಾಂಟ್ರಾಕ್ಟ್ ಮುಂದುವರಿಸಲಿಲ್ಲ. ವಾಪಸ್ ಫಿಲ್ಸ್‌ಹೋಫೆನ್‌ಗೆ ಬಂದು ಅಪ್ಪನ ಬ್ರೂವರಿ ನೋಡ್ಕೊಂಡು ಅಲ್ಲೇ ಇದ್ದ, 1887ರಲ್ಲಿ ತನ್ನೂರಿನ ಪಬ್‌ನಲ್ಲಿ ದಿನಾ ಕೂರೋ ಟೇಬಲ್ ಮುಂದೆ ಕೂತಿದ್ದಾಗಲೇ ತೀರಿಕೊಂಡ ಅಂತ ಆ ಊರಿನವರು ಹೇಳ್ತಾರೆ. ಇದನ್ನ ನಮ್ಮ ಟೀಮಿನ ಬವೇರಿಯಾದವನಿಗೆ ಹೇಳ್ದೆ, ಅವನಿಗೆ ಗೊತ್ತೇ ಇರಲಿಲ್ಲ, ಪಿಲ್ಸೆನ್‌ನವನಿಗೆ ಚೆನ್ನಾಗಿ ಗೊತ್ತಿತ್ತು.