ಆಫ್ರಿಕಾದ ಹಳ್ಳಿಗಳಲ್ಲಿ ಕರುಳಿನ ಕ್ಯಾನ್ಸರ್ ಕಡಿಮೆ ಯಾಕೆ? ನಾರಿನ ಪುಡಿ ಕುಡಿದರೆ ನಮಗೂ ಅದೇ ಲಾಭವಾ?

ಪ್ರಶ್ನೆ: ಆಫ್ರಿಕಾದ ಹಳ್ಳಿ ಜನ ನಾರಿನಂಶ ಜಾಸ್ತಿ ತಿನ್ನುತ್ತಾರೆ, ಅದಕ್ಕೇ ಅವರಿಗೆ ಮಲಬದ್ಧತೆ, ಮೂಲವ್ಯಾಧಿ, ಕರುಳಿನ ಕ್ಯಾನ್ಸರ್ ಬರುವುದೇ ಇಲ್ಲ ಎಂದು ಓದಿದೆ. ಇದು ನಿಜವಾ? ನಿಜವಾದರೆ ನಾವೂ ದಿನಾ ಒಂದು ಚಮಚ ನಾರಿನ ಪುಡಿ ನೀರಿಗೆ ಹಾಕಿಕೊಂಡು ಕುಡಿದರೆ ಸಾಕಲ್ವಾ?

ಉತ್ತರ: "ಬರುವುದೇ ಇಲ್ಲ" ಎನ್ನುವುದು ತಪ್ಪು. ದೊಡ್ಡ ಕರುಳಿನ ಕ್ಯಾನ್ಸರ್ ಅಲ್ಲಿನ ಹಳ್ಳಿಗಳಲ್ಲಿ ತುಂಬ ಕಡಿಮೆ ಎನ್ನುವುದು ನಿಜ. ಅದರಲ್ಲಿ ನಾರಿನ ಪಾಲು ದೊಡ್ಡದು ಎನ್ನುವುದೂ ನಿಜ. ಆದರೆ ಆ ಲಾಭ ಬಂದದ್ದು ಇಡೀ ಊಟದಿಂದ. ಅದನ್ನು ಚಮಚದಲ್ಲಿ ಅಳೆದು ತೆಗೆದುಕೊಳ್ಳಲು ಆಗುವುದಿಲ್ಲ. ಯಾಕೆ ಎಂದು ತಿಳಿಯಬೇಕಾದರೆ ಈ ಮಾತು ಎಲ್ಲಿ ಹುಟ್ಟಿತು ಎನ್ನುವುದರಿಂದಲೇ ಶುರು ಮಾಡಬೇಕು.

ಡೆನಿಸ್ ಬರ್ಕಿಟ್ ಐರ್ಲೆಂಡಿನವರು, ಶಸ್ತ್ರವೈದ್ಯರು. 1946ರಲ್ಲಿ ಉಗಾಂಡಾಕ್ಕೆ ಹೋಗಿ 20 ವರ್ಷ ಅಲ್ಲೇ ಕೆಲಸ ಮಾಡಿದರು. ಮಕ್ಕಳ ದವಡೆಯಲ್ಲಿ ಬೆಳೆಯುವ ಒಂದು ಕ್ಯಾನ್ಸರನ್ನು 1958ರಲ್ಲಿ ವಿವರಿಸಿದವರು ಇವರೇ. ಅದಕ್ಕೆ ಇವತ್ತಿಗೂ ಬರ್ಕಿಟ್ ಲಿಂಫೋಮಾ ಎಂದೇ ಹೆಸರು. ಉಗಾಂಡಾದ ರಾಜಧಾನಿ ಕಂಪಾಲದ ಮುಲಾಗೋ ಆಸ್ಪತ್ರೆಯಲ್ಲಿ ವರ್ಷಗಟ್ಟಲೆ ಹೊಟ್ಟೆ ಕೊಯ್ದು ನೋಡಿದವರಿಗೆ ಒಂದು ವಿಷಯ ಕಣ್ಣಿಗೆ ಬಿತ್ತು. ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ದಿನಾ ಕಾಣುವ ಅಪೆಂಡಿಸೈಟಿಸ್, ಪಿತ್ತಕೋಶದ ಕಲ್ಲು, ಮೂಲವ್ಯಾಧಿ, ದೊಡ್ಡ ಕರುಳಿನ ಕ್ಯಾನ್ಸರ್ ಇಲ್ಲಿ ಅಪರೂಪ. ಬ್ರಿಟನ್ನಿಗೆ ಮರಳಿದ ಮೇಲೆ, 1967ರಲ್ಲಿ, ಪೀಟರ್ ಕ್ಲೀವ್ ಎಂಬ ನೌಕಾಪಡೆಯ ವೈದ್ಯರ ಪರಿಚಯವಾಯಿತು. ಸಕ್ಕರೆ ಮತ್ತು ಬಿಳಿ ಹಿಟ್ಟೇ ಇಷ್ಟು ರೋಗಗಳ ಮೂಲ ಎನ್ನುವುದು ಕ್ಲೀವ್ ಅವರ ವಾದ. ಬರ್ಕಿಟ್ ಇನ್ನೊಂದು ಕಡೆಯಿಂದ ಯೋಚಿಸಿದರು. ಹಿಟ್ಟು ಬಿಳಿ ಮಾಡುವಾಗ ನಾವು ಎಸೆಯುವುದು ಏನನ್ನು? ಹೊಟ್ಟನ್ನು, ಅಂದರೆ ನಾರನ್ನು.

ಇದನ್ನು ಪರೀಕ್ಷಿಸಲು ಅವರು ಹಿಡಿದ ದಾರಿ ಬಹಳ ನೇರವಾದದ್ದು. ಎಕ್ಸ್‌ರೇಯಲ್ಲಿ ಕಾಣುವ ಪುಟ್ಟ ಪ್ಲಾಸ್ಟಿಕ್ ಚೂರುಗಳನ್ನು ಜನರಿಗೆ ನುಂಗಲು ಕೊಟ್ಟರು. ಅವು ಎಷ್ಟು ಹೊತ್ತಿಗೆ ಹೊರಗೆ ಬರುತ್ತವೆ ಎಂದು ನೋಡಿದರು. ಮಲವನ್ನು ತೂಗಿದರು. ಅಲೆಕ್ಸಾಂಡರ್ ವಾಕರ್, ನೀಲ್ ಪೇಂಟರ್ ಜೊತೆ ಸೇರಿ 1972ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಫಲಿತಾಂಶ ಪ್ರಕಟಿಸಿದರು. ಉಗಾಂಡಾದ ಹಳ್ಳಿಗರಲ್ಲಿ ದಿನದ ಮಲ ಸರಾಸರಿ 470 ಗ್ರಾಂ, ಊಟ ಕರುಳು ದಾಟಲು ಸುಮಾರು 36 ಗಂಟೆ. ಬ್ರಿಟನ್ನಿನ ನೌಕಾಪಡೆಯವರು ಮತ್ತು ಅವರ ಮನೆಯವರಲ್ಲಿ 104 ಗ್ರಾಂ, 83 ಗಂಟೆ. ಹೇಸಿಗೆ ಎಂದು ಯಾರೂ ಮುಟ್ಟದ ವಿಷಯವನ್ನು ತೂಕ ಹಾಕಿ ನೋಡಿದ ಈ ಕೆಲಸದ ಬಗ್ಗೆ ನನಗೆ ದೊಡ್ಡ ಗೌರವವಿದೆ. ನಾರು ಎಂದರೆ ಜೀರ್ಣವಾಗದ ಕಸ ಎಂದು ಅಲ್ಲಿಯವರೆಗೆ ಪೌಷ್ಟಿಕತೆಯ ಪುಸ್ತಕಗಳು ಅದನ್ನು ಬದಿಗಿಟ್ಟಿದ್ದವು.

ಬರ್ಕಿಟ್ ಅವರ ವಿವರಣೆ ಸರಳ. ಮಲ ಜಾಸ್ತಿಯಿದ್ದು ಬೇಗ ಸಾಗಿದರೆ, ಅದರಲ್ಲಿರುವ ಕೆಟ್ಟ ರಾಸಾಯನಿಕಗಳು ಕರುಳಿನ ಗೋಡೆಗೆ ತಾಗುವ ಹೊತ್ತು ಕಡಿಮೆ. ಕೇಳಲು ಸರಿಯಾಗಿಯೇ ಇದೆ. ಆದರೆ ಒಂದು ತೊಡಕು ದಕ್ಷಿಣ ಆಫ್ರಿಕಾದಿಂದ ಬಂತು. ಅಲ್ಲಿನ ಕಪ್ಪು ಜನರ ಮುಖ್ಯ ಊಟ ಮುಸುಕಿನ ಜೋಳದ ಹಿಟ್ಟಿನ ಗಟ್ಟಿ ಗಂಜಿ, ಅದಕ್ಕೆ ಪ್ಯಾಪ್ ಎನ್ನುತ್ತಾರೆ. ದೊಡ್ಡ ಗಿರಣಿಗಳು ಬಂದು ಹೊಟ್ಟು ತೆಗೆದ ಹಿಟ್ಟೇ ಎಲ್ಲ ಕಡೆ ಹರಡಿತು. ಲೆಕ್ಕದ ಪ್ರಕಾರ ನಾರು ಇಳಿಯಿತು, ಆದರೂ ಕರುಳಿನ ಕ್ಯಾನ್ಸರ್ ಅದಕ್ಕೆ ತಕ್ಕಂತೆ ಏರಲಿಲ್ಲ. ಇದನ್ನು ಎತ್ತಿ ಹೇಳಿದವರು ಜೊಹಾನ್ಸ್‌ಬರ್ಗ್‌ನ ವಾಕರ್ ಅವರೇ, 1972ರ ಲೇಖನದಲ್ಲಿ ಬರ್ಕಿಟ್ ಜೊತೆಗಿದ್ದವರು.

ಉತ್ತರ ಸಿಕ್ಕಿದ್ದು ಗಂಜಿಯಲ್ಲೇ. ಬೇಯಿಸಿದ ಪಿಷ್ಟ ತಣ್ಣಗಾದಾಗ ಅದರಲ್ಲಿ ಸ್ವಲ್ಪ ಭಾಗ ಮತ್ತೆ ಗಟ್ಟಿಯಾಗಿ ಕಟ್ಟಿಕೊಳ್ಳುತ್ತದೆ. ಸಣ್ಣ ಕರುಳಿಗೆ ಅದನ್ನು ಅರಗಿಸಲು ಆಗುವುದಿಲ್ಲ. ಅದು ನಾರಿನ ಹಾಗೆಯೇ ದೊಡ್ಡ ಕರುಳಿಗೆ ಇಳಿಯುತ್ತದೆ. ರಾತ್ರಿ ಮಾಡಿದ ಪ್ಯಾಪನ್ನು ಬೆಳಗ್ಗೆ ತಣ್ಣಗೇ ತಿನ್ನುವ ರೂಢಿ ಅಲ್ಲಿ ಹಳೆಯದು. ಹಳೆಯ ಆಹಾರ ಪಟ್ಟಿಗಳು ಈ ಪಿಷ್ಟವನ್ನು ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ, ಅಷ್ಟೆ. ತಂಗಳು ಮುದ್ದೆಗೆ ಮಜ್ಜಿಗೆ ಕಲಸಿ ಕುಡಿದು ಬೆಳೆದವರಿಗೆ ಈ ಊಟ ಹೊಸದೆನಿಸದು.

ದೊಡ್ಡ ಕರುಳಿನಲ್ಲಿ ಕೋಟ್ಯಂತರ ಬ್ಯಾಕ್ಟೀರಿಯಾಗಳು ಈ ನಾರು, ಪಿಷ್ಟಗಳನ್ನು ಹುಳಿಸುತ್ತವೆ. ಆಗ ಬ್ಯುಟಿರೇಟ್ ಎಂಬ ಸಣ್ಣ ಕೊಬ್ಬಿನ ಆಮ್ಲ ಹುಟ್ಟುತ್ತದೆ. ದೊಡ್ಡ ಕರುಳಿನ ಒಳಪದರದ ಜೀವಕೋಶಗಳಿಗೆ ಇದೇ ಮುಖ್ಯ ಆಹಾರ. ಇದು ಉರಿಯೂತ ತಗ್ಗಿಸುತ್ತದೆ, ಹಾದಿ ತಪ್ಪಿದ ಜೀವಕೋಶಗಳು ಬೆಳೆಯದಂತೆ ತಡೆಯುತ್ತದೆ. ನಾರು ಸುಮ್ನೆ ಕರುಳನ್ನು ಗುಡಿಸಿಕೊಂಡು ಹೋಗುತ್ತದೆ ಎನ್ನುವ ಹಳೆಯ ತಿಳಿವಳಿಕೆ ಇಲ್ಲಿಗೆ ಸಾಲದಾಯಿತು. ಪಶ್ಚಿಮ ಆಫ್ರಿಕಾದ ಬುರ್ಕಿನಾ ಫಾಸೊ ದೇಶದ ಬುಲ್ಪೋನ್ ಎಂಬ ಹಳ್ಳಿಯ ಮಕ್ಕಳು ಸಜ್ಜೆ, ಜೋಳ, ಅಲಸಂದೆ ಮತ್ತು ಸೊಪ್ಪು ತಿಂದು ಬೆಳೆಯುವವರು. 2010ರಲ್ಲಿ ಪ್ರಕಟವಾದ ಅಧ್ಯಯನವೊಂದು ಅವರನ್ನು ಇಟಲಿಯ ಫ್ಲಾರೆನ್ಸಿನ ಮಕ್ಕಳ ಜೊತೆ ಹೋಲಿಸಿತು. ಹಳ್ಳಿ ಮಕ್ಕಳ ಕರುಳಿನಲ್ಲಿ ನಾರನ್ನು ಒಡೆಯುವ ಪ್ರಿವೊಟೆಲ್ಲಾ ಜಾತಿಯ ಬ್ಯಾಕ್ಟೀರಿಯಾ ಹೇರಳವಾಗಿದ್ದವು, ಬ್ಯುಟಿರೇಟಿನಂಥ ಆಮ್ಲಗಳೂ ಜಾಸ್ತಿ ಇದ್ದವು.

ಇದೆಲ್ಲ ಹುಟ್ಟಿನಿಂದ ಬಂದ ಗುಣ ಇರಬಹುದಲ್ವಾ ಎಂದು ಕೇಳುವವರಿಗೆ ಉತ್ತರ ಸಂಶೋಧಕ ಸ್ಟೀಫನ್ ಓಕೀಫ್ ತಂಡದ ಪ್ರಯೋಗ. ಅಮೆರಿಕದ ಕಪ್ಪು ಜನರಲ್ಲಿ ದೊಡ್ಡ ಕರುಳಿನ ಕ್ಯಾನ್ಸರ್ ವರ್ಷಕ್ಕೆ ಲಕ್ಷಕ್ಕೆ 65, ದಕ್ಷಿಣ ಆಫ್ರಿಕಾದ ಹಳ್ಳಿಗಳಲ್ಲಿ ಲಕ್ಷಕ್ಕೆ 5ಕ್ಕಿಂತ ಕಡಿಮೆ. ಎರಡೂ ಕಡೆಯ 20-20 ಆರೋಗ್ಯವಂತರನ್ನು ಆರಿಸಿ, ಎರಡು ವಾರ ಊಟ ಅದಲುಬದಲು ಮಾಡಿದರು. ಅಮೆರಿಕದ ಪಿಟ್ಸ್‌ಬರ್ಗ್‌ನವರ ನಾರು ದಿನಕ್ಕೆ 14 ಗ್ರಾಂನಿಂದ 55ಕ್ಕೆ ಏರಿತು, ಕೊಬ್ಬು ಅರ್ಧಕ್ಕಿಂತ ಕಡಿಮೆಯಾಯಿತು. ದಕ್ಷಿಣ ಆಫ್ರಿಕಾದ ಕ್ವಾಜುಲು-ನಟಾಲ್ ಪ್ರಾಂತ್ಯದ ಹಳ್ಳಿಗರ ನಾರು 66 ಗ್ರಾಂನಿಂದ 12ಕ್ಕೆ ಇಳಿಯಿತು. ಅವರ ತಟ್ಟೆಗೆ ಮಾಂಸ, ಎಣ್ಣೆ, ಬರ್ಗರ್ ಬಂದವು. 2015ರಲ್ಲಿ ಫಲಿತಾಂಶ ಬಂತು. ಅಮೆರಿಕನ್ನರ ಕರುಳಿನಲ್ಲಿ ಬ್ಯುಟಿರೇಟ್ ಸುಮಾರು ಎರಡೂವರೆ ಪಟ್ಟು ಹೆಚ್ಚಿತ್ತು, ಉರಿಯೂತ ಇಳಿದಿತ್ತು. ಹಳ್ಳಿಗರಲ್ಲಿ ಬ್ಯುಟಿರೇಟ್ ಅರ್ಧಕ್ಕೆ ಕುಸಿದಿತ್ತು, ಕ್ಯಾನ್ಸರಿನ ಅಪಾಯ ಸೂಚಿಸುವ ಗುರುತುಗಳು ಏರಿದ್ದವು. ಬರೀ ಎರಡು ವಾರದಲ್ಲಿ! ಯಾರಿಗೂ ಕ್ಯಾನ್ಸರ್ ಬರಲಿಲ್ಲ, ಹೋಗಲೂ ಇಲ್ಲ, ಅದನ್ನು ಎರಡು ವಾರದಲ್ಲಿ ನೋಡಲು ಆಗುವುದೂ ಇಲ್ಲ. ಆದರೂ ರಕ್ಷಣೆ ಊಟದಿಂದ ಬರುತ್ತದೆ, ಊಟ ಬದಲಾದರೆ ಬೇಗ ಹೋಗಿಬಿಡುತ್ತದೆ ಎಂದು ಇಷ್ಟು ಸ್ಪಷ್ಟವಾಗಿ ತೋರಿಸಿದ ಪ್ರಯೋಗ ಕಡಿಮೆ.

ಒಂದು ಮಾತು ಗಮನಿಸಿ. ಆ ಪ್ರಯೋಗದಲ್ಲಿ ಬದಲಾದದ್ದು ನಾರು ಮಾತ್ರ ಅಲ್ಲ. ಮಾಂಸ, ಕೊಬ್ಬು ಕೂಡ ಬದಲಾದವು. ಕೊಬ್ಬು ಜಾಸ್ತಿಯಾದರೆ ಪಿತ್ತರಸ ಜಾಸ್ತಿ ಸುರಿಯುತ್ತದೆ. ಅದರ ಆಮ್ಲಗಳನ್ನು ಕೆಲವು ಬ್ಯಾಕ್ಟೀರಿಯಾಗಳು ಕರುಳಿಗೆ ಹಾನಿ ಮಾಡುವ ರೂಪಕ್ಕೆ ತಿರುಗಿಸುತ್ತವೆ. ಹಾಗಾಗಿ ಮಾಂಸ, ಕರಿದದ್ದು, ಮೈದಾ ಎಲ್ಲ ಹಾಗೇ ಇಟ್ಟುಕೊಂಡು ಮೇಲೊಂದು ಚಮಚ ಪುಡಿ ಸೇರಿಸಿದರೆ ಕ್ವಾಜುಲು-ನಟಾಲ್‌ನ ಊಟ ಆಗುವುದಿಲ್ಲ.

ಆಫ್ರಿಕಾದ ಹಳ್ಳಿಗಳನ್ನು ಆರೋಗ್ಯದ ಸ್ವರ್ಗ ಎಂದು ತೋರಿಸುವ ವಿಡಿಯೊಗಳು ಈಗ ಬಹಳ. ಅವು ನನಗೆ ಬೇಸರ ತರಿಸುತ್ತವೆ. ನಾರು ಬೇಕಾದಷ್ಟಿರುವ ಕಡೆಯೇ ಬೇರೆ ರೋಗಗಳು ಜನರನ್ನು ಕಾಡಿವೆ. ದೊಡ್ಡ ಕರುಳಿನ ಕೊನೆಯ ಭಾಗ ಉದ್ದವಾಗಿ, ತನ್ನ ಸುತ್ತ ತಾನೇ ತಿರುಚಿಕೊಂಡು ದಾರಿ ಕಟ್ಟಿಹೋಗುವ ಕಾಯಿಲೆ ಉಗಾಂಡಾ, ಇಥಿಯೋಪಿಯಾ ಕಡೆ ಹೆಚ್ಚು. ತಕ್ಷಣ ಚಿಕಿತ್ಸೆ ಸಿಗದಿದ್ದರೆ ಜೀವಕ್ಕೇ ಅಪಾಯ. ದಕ್ಷಿಣ ಆಫ್ರಿಕಾದ ಈಸ್ಟರ್ನ್ ಕೇಪ್, ಮಲಾವಿ, ಪಶ್ಚಿಮ ಕೀನ್ಯಾದಲ್ಲಿ ಅನ್ನನಾಳದ ಕ್ಯಾನ್ಸರ್ ದೊಡ್ಡ ಪಿಡುಗು. ಇನ್ನು ಮಕ್ಕಳ ವಿಷಯ. ಎದೆಹಾಲು ಬಿಡಿಸಿದ ಮಗುವಿಗೆ ಬರೀ ನೀರು ನೀರಾದ ಜೋಳದ ಗಂಜಿ ಕೊಟ್ಟರೆ ಪುಟ್ಟ ಹೊಟ್ಟೆ ತುಂಬುತ್ತದೆ, ಮೈಗೆ ಬೇಕಾದ ಶಕ್ತಿ, ಪ್ರೋಟೀನ್ ಸಿಗುವುದಿಲ್ಲ. ಕಾಲು ಊದಿ, ಕೂದಲು ಕೆಂಚಾಗುವ ಕ್ವಾಶಿಯೋರ್ಕರ್ ರೋಗವನ್ನು 1933ರಲ್ಲಿ ಈಗಿನ ಘಾನಾದಲ್ಲಿ ಸಿಸಿಲಿ ವಿಲಿಯಮ್ಸ್ ವಿವರಿಸಿದರು. ಅದೇ ರೋಗದ ಮಕ್ಕಳಿಗೆ ಕೀನ್ಯಾ, ಉಗಾಂಡಾದಲ್ಲಿ ವರ್ಷಗಟ್ಟಲೆ ಚಿಕಿತ್ಸೆ ಕೊಟ್ಟ ಹ್ಯೂ ಟ್ರೊವೆಲ್ ಮುಂದೆ ಬರ್ಕಿಟ್ ಜೊತೆ ನಾರಿನ ಪರವಾಗಿ ನಿಂತರು. ದೊಡ್ಡವರಿಗೆ ಒಳ್ಳೆಯದಾದ ಊಟ ಕೂಸಿಗೆ ಸಾಲದು ಎನ್ನುವುದನ್ನು ಅವರು ಎರಡೂ ಕಡೆಯಿಂದ ನೋಡಿದ್ದರು.

ಬರ್ಕಿಟ್ ಹೇಳಿದ್ದೆಲ್ಲ ಉಳಿದಿಲ್ಲ. ಕರುಳಿನ ಗೋಡೆಯಲ್ಲಿ ಪುಟ್ಟ ಚೀಲಗಳು ಮೂಡುವುದು ನಾರಿನ ಕೊರತೆಯಿಂದಲೇ ಎಂದು ಅವರು ನಂಬಿದ್ದರು. 2012ರಲ್ಲಿ 2,000ಕ್ಕೂ ಹೆಚ್ಚು ಜನರ ಕೊಲೊನೊಸ್ಕೋಪಿ (ದೊಡ್ಡ ಕರುಳಿನೊಳಗೆ ಕ್ಯಾಮೆರಾ ಇಳಿಸಿ ನೋಡುವ ಪರೀಕ್ಷೆ) ನೋಡಿದ ಅಮೆರಿಕದ ಅಧ್ಯಯನದಲ್ಲಿ ಆ ನಂಟು ಕಾಣಲಿಲ್ಲ. ಹಳ್ಳಿಗಳಲ್ಲಿ ಕಡಿಮೆ ಆಯುಷ್ಯ, ಪತ್ತೆಯಾಗದೇ ಹೋದ ರೋಗಗಳು ಕೂಡ ಹಳೆಯ ಅಂಕಿಗಳನ್ನು ತಗ್ಗಿಸಿವೆ. ಮುಖ್ಯ ಮಾತು ಮಾತ್ರ ನಿಂತಿದೆ. 2019ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂದ ದೊಡ್ಡ ವಿಶ್ಲೇಷಣೆಯ ಪ್ರಕಾರ ದಿನಕ್ಕೆ 25ರಿಂದ 29 ಗ್ರಾಂ ನಾರು ತಿನ್ನುವವರಲ್ಲಿ ಹೃದ್ರೋಗ, ಸಕ್ಕರೆ ಕಾಯಿಲೆ, ದೊಡ್ಡ ಕರುಳಿನ ಕ್ಯಾನ್ಸರ್ ಕಡಿಮೆ. ವಿಶ್ವ ಆರೋಗ್ಯ ಸಂಸ್ಥೆಯೂ ದೊಡ್ಡವರಿಗೆ ದಿನಕ್ಕೆ ಕನಿಷ್ಠ 25 ಗ್ರಾಂ ಎನ್ನುತ್ತದೆ.

ಅತ್ತ ಆಫ್ರಿಕಾದಲ್ಲೇ ಈ ಊಟ ಕರಗುತ್ತಿದೆ. ಲಾಗೋಸ್, ನೈರೋಬಿ, ಜೊಹಾನ್ಸ್‌ಬರ್ಗ್‌ಗಳಲ್ಲಿ ಬಿಳಿ ಬ್ರೆಡ್, ಇನ್‌ಸ್ಟಂಟ್ ನೂಡಲ್ಸ್, ಕರಿದ ಕೋಳಿ, ಸಿಹಿ ಪಾನೀಯ ಅಗ್ಗವಾಗಿ ಸಿಗುತ್ತವೆ. ಕರುಳಿನ ಕ್ಯಾನ್ಸರ್ ಅಲ್ಲೂ ಏರುತ್ತಿದೆ. ಕೊಲೊನೊಸ್ಕೋಪಿ ಸೌಲಭ್ಯ ಕಡಿಮೆ ಇರುವುದರಿಂದ ಎಷ್ಟೋ ಜನ ಆಸ್ಪತ್ರೆಗೆ ಬರುವಾಗಲೇ ರೋಗ ಬಲಿತಿರುತ್ತದೆ. ಸಂಶೋಧನೆಗೆ ತಮ್ಮ ಮೈಯನ್ನೇ ಕೊಟ್ಟ ಜನರಿಗೆ ಅದರ ಫಲ ತಲುಪದಿರುವುದು ಅನ್ಯಾಯ.

ಈಗ ನಿಮ್ಮ ಪುಡಿಯ ವಿಷಯ. ಮೆಡಿಕಲ್ ಶಾಪಿನಲ್ಲಿ ಸಿಗುವ ಇಸಬ್‌ಗೋಲ್ ನೀರು ಹೀರಿ ಉಬ್ಬುತ್ತದೆ. ಮಲಬದ್ಧತೆಗೆ ಒಳ್ಳೆಯದು, ಕೊಲೆಸ್ಟ್ರಾಲ್ ಕೂಡ ಸ್ವಲ್ಪ ಇಳಿಸುತ್ತದೆ. ಆದರೆ ಬ್ಯಾಕ್ಟೀರಿಯಾಗಳು ಅದನ್ನು ಹುಳಿಸುವುದು ತೀರಾ ಕಡಿಮೆ. ಹಾಗಾಗಿ ಮೇಲೆ ಹೇಳಿದ ಬ್ಯುಟಿರೇಟ್ ಅದರಿಂದ ಹೆಚ್ಚು ಹುಟ್ಟುವುದಿಲ್ಲ. ಅದಕ್ಕೆ ಕಾಳು, ಬೇಳೆ, ಸಿರಿಧಾನ್ಯ, ಗೆಡ್ಡೆ, ಸೊಪ್ಪು, ಬಾಳೆಕಾಯಿ ಬೇಕು. ರಾಗಿಯ ತವರು ಪೂರ್ವ ಆಫ್ರಿಕಾದ ಎತ್ತರದ ಸೀಮೆ. ಉಗಾಂಡಾದಲ್ಲಿ ಇವತ್ತಿಗೂ ರಾಗಿ ಹಿಟ್ಟನ್ನು ಕುದಿಯುವ ನೀರಿನಲ್ಲಿ ತಿರುವಿ ಕಾಲೋ ಎಂಬ ಮುದ್ದೆ ಮಾಡುತ್ತಾರೆ. ಜೋಳ, ಸಜ್ಜೆ ಕೂಡ ಆಫ್ರಿಕಾದಿಂದಲೇ ಬಂದವು. 100 ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರಿದೆ, ಪಾಲಿಶ್ ಮಾಡಿದ ಅಕ್ಕಿಯಲ್ಲಿ 3ಕ್ಕಿಂತ ಕಡಿಮೆ. ಮುದ್ದೆಗೆ ಹುರುಳಿ ಸಾರು, ಜೊತೆಗೆ ಸೊಪ್ಪಿನ ಪಲ್ಯ ಇದ್ದರೆ 25 ಗ್ರಾಂ ಮುಟ್ಟುವುದು ಕಷ್ಟವಲ್ಲ.

ಒಮ್ಮೆಲೇ ಜಾಸ್ತಿ ಮಾಡಬೇಡಿ, ಹೊಟ್ಟೆ ಉಬ್ಬರಿಸುತ್ತದೆ. ವಾರ ವಾರ ಸ್ವಲ್ಪ ಸ್ವಲ್ಪ ಏರಿಸಿ, ನೀರು ಚೆನ್ನಾಗಿ ಕುಡಿಯಿರಿ. ಕರುಳು ಕಿರಿದಾಗಿರುವವರು, ಕ್ರೋನ್ಸ್ ಎಂಬ ಕರುಳಿನ ಉರಿಯೂತದ ಕಾಯಿಲೆ ಇರುವವರು ವೈದ್ಯರನ್ನು ಕೇಳದೆ ಏರಿಸಬಾರದು. ಮಲದಲ್ಲಿ ರಕ್ತ ಕಂಡರೆ, ಕಾರಣವಿಲ್ಲದೆ ತೂಕ ಇಳಿದರೆ, ಮಲವಿಸರ್ಜನೆಯ ರೂಢಿ ವಾರಗಟ್ಟಲೆ ಬದಲಾಗಿಯೇ ಇದ್ದರೆ, ಮೂಲವ್ಯಾಧಿ ಇರಬಹುದು ಎಂದುಕೊಂಡು ಮುದ್ದೆ, ಸೊಪ್ಪು ತಿನ್ನುತ್ತ ಕಾಯಬೇಡಿ. ಪರೀಕ್ಷೆ ಮಾಡಿಸಿಕೊಳ್ಳಿ.