ಸಿಟ್ಟು ಇಳಿದಾಗ ಕಲಿಸಬೇಕಾದ ಪಾಠ

ಪ್ರಾಥಮಿಕ ತರಗತಿಗಳಲ್ಲಿ ದಿನಕ್ಕೆ ಹತ್ತಾರು ಸಲ ಕೇಳಿಬರುವ ಮಾತುಗಳಿವು: ‘ಸಮಾಧಾನ ಮಾಡ್ಕೋ’, ‘ಹಂಚ್ಕೊಂಡು ಆಡಿ’, ‘ಜಗಳ ಆಡಬೇಡಿ’. ಸಮಾಧಾನ ಮಾಡಿಕೊಳ್ಳುವುದು ಹೇಗೆ, ಇಬ್ಬರಿಗೂ ಒಂದೇ ಚೆಂಡು ಬೇಕಾದಾಗ ಬಾಯಲ್ಲಿ ಯಾವ ಮಾತು ಬರಬೇಕು ಎಂಬುದನ್ನು ಮಾತ್ರ ಯಾರೂ ಹೇಳಿಕೊಟ್ಟಿರುವುದಿಲ್ಲ. ಮಗ್ಗಿ ಕಲಿಸದೆ ಭಾಗಾಕಾರ ಕೇಳಿದರೆ ತಪ್ಪು ಯಾರದೆಂದು ನಮಗೆ ಗೊತ್ತು. ನಡವಳಿಕೆಯ ವಿಷಯ ಬಂದಾಗ ಕಲಿಸದೇ ಇದ್ದದ್ದನ್ನೇ ಕೇಳುತ್ತೇವೆ, ಬರದಿದ್ದರೆ ಗದರುತ್ತೇವೆ.

ಆವೇಗ ತಡೆಯುವ, ಮುಂದಿನದನ್ನು ಯೋಚಿಸುವ ಕೆಲಸ ಹೊತ್ತಿರುವ ಮಿದುಳಿನ ಮುಂಭಾಗ ಪೂರ್ತಿ ಬಲಿಯುವುದು ಸುಮಾರು 25ರ ವಯಸ್ಸಿಗೆ. ಆರೇಳು ವರ್ಷದ ಮಗುವಿನಲ್ಲಿ ಅದು ಇನ್ನೂ ಎಳಸು. ಸಿಟ್ಟು ನೆತ್ತಿಗೇರಿದಾಗ ಹೊಸ ಮಾತು ಯಾವುದೂ ಆ ತಲೆಗೆ ಇಳಿಯುವುದಿಲ್ಲ. ಆ ಗಳಿಗೆಯಲ್ಲಿ ಒದಗುವುದು ಮೊದಲೇ ರೂಢಿಯಾದದ್ದು ಮಾತ್ರ. ಹಾಗಾಗಿ ಕಲಿಸುವ ಕೆಲಸವೆಲ್ಲ ತರಗತಿ ತಣ್ಣಗಿರುವ ಹೊತ್ತಿನಲ್ಲೇ ಆಗಬೇಕು. ರಂಪ ನಡೆಯುವಾಗ ಎರಡು ಮೂರು ಪದಗಳಲ್ಲಿ ನೆನಪಿಸಿದರೆ ಸಾಕು, ಅದೂ ಮಗುವಿನ ಎತ್ತರಕ್ಕೆ ಬಾಗಿ, ತಗ್ಗಿದ ದನಿಯಲ್ಲಿ. ದೊಡ್ಡವರ ದನಿ ಏರಿದರೆ ಮಗುವಿನದೂ ಏರುತ್ತದೆ.

ಮೊದಲ ಹೆಜ್ಜೆ ಭಾವನೆಗೆ ಹೆಸರು. ಮಿದುಳಿನ ಚಿತ್ರಣದ ಮೂಲಕ ನಡೆಸಿ 2007ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಮುಖದ ಮೇಲಿನ ಭಾವನೆಯನ್ನು ಪದದಲ್ಲಿ ಹೇಳಿದಾಗ ಭಯಕ್ಕೆ ಸ್ಪಂದಿಸುವ ಮಿದುಳಿನ ಭಾಗವಾದ ಅಮಿಗ್ಡಲಾದ ಚಟುವಟಿಕೆ ತಗ್ಗಿದ್ದು ಕಂಡಿತು. ಚಿಕ್ಕ ಮಕ್ಕಳೊಂದಿಗೆ ಖುಷಿ, ಬೇಸರ, ಸಿಟ್ಟು, ಹೆದರಿಕೆ ಎಂಬ ನಾಲ್ಕರಿಂದ ಶುರು ಮಾಡಿ. ಆಮೇಲೆ ವಾರಕ್ಕೆ ಒಂದು ಪದ ಸೇರಿಸುತ್ತಾ ಹೋಗಿ: ಗಾಬರಿ, ನಾಚಿಕೆ, ಹೊಟ್ಟೆಕಿಚ್ಚು, ಮುನಿಸು, ಒಂಟಿತನ. ಗೋಡೆಗೆ ಇಪ್ಪತ್ತು ಮುಖಗಳ ಚಾರ್ಟ್ ಒಟ್ಟಿಗೇ ಅಂಟಿಸಿದರೆ ಅದು ಅಲಂಕಾರವಾಗಿ ಉಳಿಯುತ್ತದೆ, ಮಕ್ಕಳು ಎಲ್ಲಕ್ಕೂ ‘ಖುಷಿ’ ತೋರಿಸಿ ಜಾಗಕ್ಕೆ ಹೋಗಿ ಕೂರುತ್ತಾರೆ. ಪದದ ಜೊತೆಗೆ ಅದು ಮೈಯಲ್ಲಿ ಎಲ್ಲಿ ಗೊತ್ತಾಗುತ್ತದೆ ಎಂದೂ ಕೇಳಿ. ಕಿವಿ ಬಿಸಿಯಾಗುವುದು, ಹಲ್ಲು ಕಚ್ಚುವುದು, ಹೊಟ್ಟೆಯಲ್ಲಿ ತಳಮಳ. ಸಿಟ್ಟು ಕೈಗೆ ಬರುವ ಮುನ್ನವೇ ಅದನ್ನು ಗುರುತಿಸಲು ಮಗುವಿಗಿರುವ ಸುಳಿವು ಅದೇ. ಒಂದೇ ಹೊತ್ತಿಗೆ ಎರಡು ವಿರುದ್ಧ ಭಾವನೆಗಳಿರಬಹುದು ಎಂಬ ತಿಳಿವಳಿಕೆ ಸಾಮಾನ್ಯವಾಗಿ ಎಂಟರಿಂದ ಹತ್ತು ವರ್ಷದ ಒಳಗೆ ಗಟ್ಟಿಯಾಗುತ್ತದೆ. ಅದಕ್ಕೂ ಚಿಕ್ಕ ಮಗು ‘ಅವನು ನನ್ನ ಫ್ರೆಂಡ್ ಅಲ್ಲವೇ ಅಲ್ಲ’ ಎಂದರೆ ಆ ಕ್ಷಣಕ್ಕೆ ಅದು ನಿಜ. ವಾದ ಮಾಡಬೇಡಿ. ಇನ್ನೊಂದು ಮಾತು: ‘ಇವತ್ತು ಹೇಗಿದ್ದೀಯ’ ಎಂದು ಎಲ್ಲರೆದುರು ಬಾಯಿಬಿಡಿಸಬಾರದು. ಬೆಳಗ್ಗೆ ಒಳಗೆ ಬರುವಾಗ ಹೆಸರಿನ ಚೀಟಿಯನ್ನು ಒಂದು ಮುಖದ ಕೆಳಗೆ ಸಿಕ್ಕಿಸಿ ಹೋಗುವುದಿದ್ದರೆ, ಅದೂ ಇಷ್ಟವಿದ್ದವರು ಮಾತ್ರ.

ಎರಡನೆಯದು ಮೈಯನ್ನು ತಣ್ಣಗಾಗಿಸುವುದು. ಮೂರು ಎಣಿಸುತ್ತಾ ಉಸಿರು ಒಳಗೆ, ಐದು ಎಣಿಸುತ್ತಾ ಹೊರಗೆ, ಹೀಗೆ ಐದು ಸಲ. ಬಿಡುವ ಉಸಿರು ಉದ್ದವಾದಾಗ ಹೃದಯದ ಬಡಿತ ನಿಧಾನವಾಗುತ್ತದೆ. ಆಟದ ಬಿಡುವು ಮುಗಿಸಿ ಒಳಗೆ ಬಂದ ಕೂಡಲೇ ದಿನವೂ ಅದೇ ಹೊತ್ತಿಗೆ, ಟೀಚರೂ ಸೇರಿ ಮಾಡಬೇಕು. ಇದು ಕೆಡುವುದು ಎಲ್ಲೆಂದರೆ, ತರಗತಿಯಲ್ಲಿ ಅಭ್ಯಾಸವೇ ಇಲ್ಲದೆ, ಅಳುವ ಮಗುವಿನ ಮುಂದೆ ನಿಂತು ‘ಉಸಿರು ಎಳ್ಕೋ!’ ಎಂದು ಗದರಿದಾಗ. ಅಂಥ ಮಗುವಿಗೆ ಉಸಿರಾಟವೂ ಬೈಗುಳದ ಭಾಗವಾಗುತ್ತದೆ. ಕಣ್ಣು ಮುಚ್ಚಲು ಒತ್ತಾಯಿಸುವುದೂ ಬೇಡ. ಕೆಲವು ಮಕ್ಕಳಿಗೆ ಅದರಿಂದ ಗಾಬರಿ ಹೆಚ್ಚುತ್ತದೆ.

ತರಗತಿಯ ಮೂಲೆಯಲ್ಲಿ ಒಂದು ಶಾಂತ ಜಾಗ ಮಾಡುವವರು ಈಗ ಅನೇಕರಿದ್ದಾರೆ. ಅದಕ್ಕೆ ಬೇಕಾದದ್ದು ಸ್ವಲ್ಪವೇ: ಒಂದು ಚಾಪೆ, ಹಿಚುಕಲು ಮೆತ್ತನೆಯ ಚೆಂಡು, ಕಾಗದ, ಬಣ್ಣದ ಸೀಸ, ನಾಲ್ಕೈದು ನಿಮಿಷದ ಮರಳು ಗಡಿಯಾರ. ಟೀಚರ ಕಣ್ಣಿಗೆ ಕಾಣುವಂತಿರಬೇಕು, ಬಾಗಿಲ ಬಳಿ ಬೇಡ. ಆಟಿಕೆ ತುಂಬಿದರೆ ಅಲ್ಲಿಗೆ ಹೋಗಲು ಸರದಿ ನಿಲ್ಲುತ್ತಾರೆ. ಮೊದಲ ವಾರ ಎಲ್ಲರೂ ಒಂದೊಂದು ಸಲ ಅಲ್ಲಿ ಕೂತು ಬರಲಿ, ಆಗ ಅದು ತುಂಟರ ಜಾಗ ಎಂಬ ಹಣೆಪಟ್ಟಿ ಬೀಳುವುದಿಲ್ಲ. ಮಗು ತಾನೇ ಹೋಗಬೇಕು. ‘ಹೋಗು, ಅಲ್ಲಿ ಕೂತ್ಕೋ’ ಎಂದು ಅಟ್ಟಿದ ದಿನವೇ ಅದು ಶಿಕ್ಷೆಯ ಮೂಲೆಯಾಗುತ್ತದೆ. ಒಂದು ಮಗು ಯಾವಾಗಲೂ ಗಟ್ಟಿಯಾಗಿ ಓದುವ ಹೊತ್ತಿಗೇ ಅಲ್ಲಿಗೆ ಹೋಗುತ್ತಿದ್ದರೆ ಕಷ್ಟವಿರುವುದು ಓದಿನಲ್ಲಿ. ನೆರವು ಅಲ್ಲಿ ಸಿಗಬೇಕು.

ಇನ್ನು ಜಗಳ. ಇಲ್ಲಿ ಹೆಚ್ಚು ಹೊತ್ತು ನಿಲ್ಲಬೇಕು, ಏಕೆಂದರೆ ಒಳ್ಳೆಯ ಪಾಠ ಕೈತಪ್ಪುವುದು ಹೆಚ್ಚಾಗಿ ಇಲ್ಲೇ. ಬಹುತೇಕ ವಿಚಾರಣೆ ‘ಯಾರು ಶುರು ಮಾಡಿದ್ದು?’ ಎಂಬಲ್ಲಿಂದ ಆರಂಭವಾಗುತ್ತದೆ. ಆ ಪ್ರಶ್ನೆ ಬಿದ್ದ ಕೂಡಲೇ ಇಬ್ಬರೂ ವಕೀಲರಾಗುತ್ತಾರೆ. ಅದರ ಬದಲು ಮೊದಲು ಇಬ್ಬರನ್ನೂ ದೂರ ಮಾಡಿ ಐದರಿಂದ ಹತ್ತು ನಿಮಿಷ ಬಿಡಿ. ಉಸಿರು ಸರಿಹೋದ ಮೇಲೆ ಬೇರೆ ಮಕ್ಕಳ ಕಿವಿಗೆ ಬೀಳದ ಕಡೆ ಕೂರಿಸಿ. ಒಬ್ಬರು ಏನಾಯಿತೆಂದು ಹೇಳುವಾಗ ಇನ್ನೊಬ್ಬರು ತಡೆಯಬಾರದು. ಮುಗಿದ ಮೇಲೆ ಕೇಳಿದವರು ಅದನ್ನೇ ತಮ್ಮ ಮಾತಿನಲ್ಲಿ ತಿರುಗಿ ಹೇಳಬೇಕು. ‘ನಾನು ಕೇಳದೆ ಪೆನ್ಸಿಲ್ ತಗೊಂಡೆ, ಅದಕ್ಕೆ ಅವನಿಗೆ ಸಿಟ್ಟು ಬಂತು’ ಎಂದು ಎದುರಾಳಿಯ ಬಾಯಲ್ಲೇ ಬಂದಾಗ ಅರ್ಧ ಜಗಳ ಇಳಿದಿರುತ್ತದೆ. ಆಮೇಲೆ ಆಡಲು ಮೂರು ತುಂಡಿನ ಒಂದು ವಾಕ್ಯ ಕಲಿಸಿ: ‘ನೀನು ಹೀಗೆ ಮಾಡಿದಾಗ, ನಂಗೆ ಹೀಗಾಯ್ತು, ಇನ್ಮೇಲೆ ಹೀಗೆ ಮಾಡು.’ ನಡುವಿನ ತುಂಡಿನಲ್ಲಿ ಮಕ್ಕಳು ‘ನೀನು ಕೆಟ್ಟವನು ಅನ್ನಿಸ್ತು’ ಎನ್ನುತ್ತಾರೆ. ಅದು ಆರೋಪ, ಭಾವನೆ ಅಲ್ಲ. ಅಲ್ಲಿ ತಡೆದು ‘ನಿಂಗೆ ಏನನ್ನಿಸ್ತು?’ ಎಂದು ಕೇಳಬೇಕು. ಕೊನೆಗೆ ಸರಿಪಡಿಸುವ ದಾರಿಯನ್ನು ಅವರೇ ಹೇಳಲಿ. ಅವರು ಒಪ್ಪಿದ್ದು ನಮಗೆ ಅರೆಕೊರೆ ಎನ್ನಿಸಿದರೂ ಯಾರಿಗೂ ಅನ್ಯಾಯವಾಗದಿದ್ದರೆ ಬಿಟ್ಟುಬಿಡಿ. ಮರುದಿನ ಒಂದು ನಿಮಿಷ ಇಬ್ಬರನ್ನೂ ಕರೆದು ‘ನಡೀತಿದ್ಯಾ?’ ಎಂದು ಕೇಳುವುದನ್ನು ಮರೆಯಬೇಡಿ. ಹೆಚ್ಚಿನ ಒಪ್ಪಂದಗಳು ಮುರಿಯುವುದು ಯಾರೂ ಮತ್ತೆ ವಿಚಾರಿಸದ ಕಾರಣಕ್ಕೆ.

‘ಸಾರಿ ಹೇಳು’ ಎಂದು ಒತ್ತಾಯ ಮಾಡುವುದು ಬೇಡ. ಬಾಯಿ ಮಾತಿನ ಸಾರಿ ಜಗಳದಿಂದ ತಪ್ಪಿಸಿಕೊಳ್ಳುವ ಟಿಕೆಟ್ ಎಂದು ಮಕ್ಕಳು ಬೇಗ ಕಲಿತುಬಿಡುತ್ತಾರೆ. ಬಿದ್ದ ಬ್ಲಾಕ್‌ಗಳನ್ನು ಮತ್ತೆ ಕಟ್ಟಲು ಕೈ ಜೋಡಿಸುವುದು, ಹರಿದ ಹಾಳೆಗೆ ಅಂಟು ಹಚ್ಚುವುದು ಅದಕ್ಕಿಂತ ಎಷ್ಟೋ ಮೇಲು.

ಆದರೆ ಈ ಕ್ರಮವನ್ನು ಪೀಡನೆಗೆ ಬಳಸಬೇಡಿ. ಬಲ ಹೆಚ್ಚಿರುವವರು, ಬೇಕೆಂದೇ, ಮತ್ತೆ ಮತ್ತೆ ಒಬ್ಬರನ್ನೇ ಕಾಡುತ್ತಿದ್ದರೆ ಅದು ಜಗಳವಲ್ಲ. ಇಬ್ಬರನ್ನೂ ಎದುರುಬದುರು ಕೂರಿಸಿ ರಾಜಿ ಮಾಡಿಸಿದರೆ, ಕಾಡಿಸಿಕೊಂಡ ಮಗು ಅಲ್ಲಿ ಬಾಯಿಬಿಡುವುದಿಲ್ಲ, ಹೊರಗೆ ಹೋದ ಮೇಲೆ ಮತ್ತೆ ಪೆಟ್ಟು ತಿನ್ನುತ್ತದೆ. ಬೇರೆ ಬೇರೆಯಾಗಿ ಮಾತಾಡಿಸಿ, ಮೊದಲು ಆ ಮಗುವಿಗೆ ರಕ್ಷಣೆ ಕೊಡಿ. ಸುತ್ತ ನಿಂತು ನೋಡುವವರ ಪಾಲೂ ದೊಡ್ಡದು. ಕೆನಡಾದ ಸಂಶೋಧಕರು ಆಟದ ಮೈದಾನದಲ್ಲಿ ಮಕ್ಕಳ ನಡವಳಿಕೆಯನ್ನು ಚಿತ್ರೀಕರಿಸಿ 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಹಪಾಠಿಗಳು ಮಧ್ಯೆ ಬಂದಾಗ ಅರ್ಧಕ್ಕಿಂತ ಹೆಚ್ಚು ಸಲ ಪೀಡನೆ 10 ಸೆಕೆಂಡಿನೊಳಗೆ ನಿಂತಿತ್ತು. ಮಧ್ಯೆ ಬರುವವರೇ ಕಡಿಮೆ. ಎದುರು ನಿಲ್ಲುವ ಧೈರ್ಯ ಎಲ್ಲರಿಗೂ ಇರುವುದಿಲ್ಲವಾದ್ದರಿಂದ ಸುಲಭದ ದಾರಿಗಳನ್ನು ಅಭಿನಯಿಸಿ ತೋರಿಸಿ: ಕಾಡಿಸಿಕೊಳ್ಳುತ್ತಿರುವವಳ ಕೈ ಹಿಡಿದು ‘ಬಾರೇ, ಆಟಕ್ಕೆ ಒಬ್ರು ಕಮ್ಮಿ’ ಎಂದು ಕರೆದೊಯ್ಯುವುದು, ಇಲ್ಲವೇ ಓಡಿಹೋಗಿ ದೊಡ್ಡವರಿಗೆ ಹೇಳುವುದು. ಚಾಡಿ ಹೇಳುವುದು ಇನ್ನೊಬ್ಬರನ್ನು ಸಿಕ್ಕಿಹಾಕಿಸಲು, ವಿಷಯ ತಿಳಿಸುವುದು ಒಬ್ಬರನ್ನು ಕಾಪಾಡಲು. ಈ ಭೇದವನ್ನು ಮಕ್ಕಳಿಗೆ ಉದಾಹರಣೆ ಕೊಟ್ಟು ಬಿಡಿಸಿ ಹೇಳಬೇಕು.

ತರಗತಿಯಲ್ಲಿ ಯಾರು ಒಂಟಿ ಎಂಬುದು ಟೀಚರಿಗೆ ಯಾವಾಗಲೂ ಕಾಣುವುದಿಲ್ಲ. ಸದ್ದು ಮಾಡದ ಮಗು ಸುಖವಾಗಿದೆ ಎಂದುಕೊಳ್ಳುತ್ತೇವೆ. ‘ಯಾರ ಜೊತೆ ಕೂತು ಕೆಲಸ ಮಾಡಲು ಇಷ್ಟ? ಇಬ್ಬರ ಹೆಸರು ಬರಿ’ ಎಂದು ಗುಟ್ಟಾಗಿ ಚೀಟಿ ತೆಗೆದುಕೊಳ್ಳಿ. ಯಾರ ಚೀಟಿಯಲ್ಲೂ ಬಾರದ ಹೆಸರುಗಳನ್ನು ಗುರುತಿಟ್ಟುಕೊಳ್ಳಿ. ‘ಯಾರು ಇಷ್ಟವಿಲ್ಲ’ ಎಂದು ಯಾವತ್ತೂ ಕೇಳಬೇಡಿ, ಚೀಟಿಗಳನ್ನು ಮಕ್ಕಳ ಕೈಗೆ ಸಿಗುವಂತೆ ಇಡಬೇಡಿ. ಆ ಮಗುವನ್ನು ಸ್ನೇಹಪರ ಸ್ವಭಾವದ ಒಬ್ಬರ ಜೊತೆಗೆ ಜೋಡಿ ಮಾಡಿ, ಇಬ್ಬರಿಗೂ ನಿಜವಾದ ಒಂದು ಕೆಲಸ ಕೊಡಿ. ಗುಂಪಿನ ಕೆಲಸಕ್ಕೆ 1971ರಲ್ಲಿ ಅಮೆರಿಕದ ಆಸ್ಟಿನ್ ನಗರದ ಶಾಲೆಗಳಲ್ಲಿ ಮನಶ್ಶಾಸ್ತ್ರಜ್ಞ ಎಲಿಯಟ್ ಆರನ್ಸನ್ ರೂಪಿಸಿದ ಜಿಗ್ಸಾ ವಿಧಾನ ಇಂದಿಗೂ ಒಳ್ಳೆಯದು: ಪಾಠವನ್ನು ತುಂಡು ಮಾಡಿ ಗುಂಪಿನ ಒಬ್ಬೊಬ್ಬರಿಗೆ ಒಂದೊಂದು ಕೊಡುವುದು. ಪ್ರತಿ ಮಗುವಿನ ಹತ್ತಿರವೂ ಬೇರೆಯವರಿಗೆ ಬೇಕಾದದ್ದೇನೋ ಇರುತ್ತದೆ. ಓದು ತಡವರಿಸುವ ಮಗು ಗುಂಪಿನೆದುರು ಹೇಳುವ ಮೊದಲು ಅದೇ ತುಂಡು ಸಿಕ್ಕ ಬೇರೆ ಗುಂಪಿನವರ ಜೊತೆ ಅಭ್ಯಾಸ ಮಾಡಿಕೊಳ್ಳಬೇಕು. ಆ ಹಂತ ಬಿಟ್ಟರೆ ನೆರವಾಗಬೇಕಾದ ವಿಧಾನವೇ ಅವಮಾನ ತರುತ್ತದೆ.

ಒಳ್ಳೆಯ ನಡತೆಗೆ ಸ್ಟಾರು, ಸ್ಟಿಕ್ಕರು ಕೊಡುವುದಕ್ಕಿಂತ ಕಂಡದ್ದನ್ನು ಕಂಡ ಹಾಗೆ ಹೇಳಿ: ‘ಅವಳ ಕ್ರೇಯಾನ್ ಮುರಿದಾಗ ನಿನ್ನದು ಕೊಟ್ಟೆ, ಅವಳು ಅಳು ನಿಲ್ಲಿಸಿದಳು.’ ಭಾವನೆಗೆ ಅಂಕ ಹಾಕುವುದಂತೂ ಬೇಡವೇ ಬೇಡ.

ಇದಕ್ಕೆಲ್ಲ ಸಮಯ ಎಲ್ಲಿದೆ ಎಂಬುದು ನ್ಯಾಯವಾದ ಪ್ರಶ್ನೆ. ವಾರಕ್ಕೆ ಎರಡು ಸಲ 15-20 ನಿಮಿಷದ ಪಾಠ, ದಿನವೂ ಎರಡು ನಿಮಿಷದ ಅಭ್ಯಾಸ ಸಾಕು. 2011ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆ ಶಾಲೆಗಳಲ್ಲಿ ನಡೆದ ಇಂಥ 213 ಕಾರ್ಯಕ್ರಮಗಳನ್ನು, 2,70,034 ವಿದ್ಯಾರ್ಥಿಗಳನ್ನು ಒಟ್ಟಿಗೆ ನೋಡಿತು. ಸಾಮಾಜಿಕ-ಭಾವನಾತ್ಮಕ ಕಲಿಕೆ, ಅಂದರೆ ಭಾವನೆ ಮತ್ತು ಒಡನಾಟದ ಇಂಥ ಪಾಠ, ಸಿಕ್ಕ ಮಕ್ಕಳು ಓದಿನಲ್ಲೂ ಸರಾಸರಿ 11 ಪರ್ಸೆಂಟೈಲ್, ಅಂದರೆ ನೂರು ಮಕ್ಕಳ ಸಾಲಿನಲ್ಲಿ ಸುಮಾರು 11 ಸ್ಥಾನ, ಮುಂದಿದ್ದರು. ಹೆಜ್ಜೆ ಹೆಜ್ಜೆಯಾಗಿ ಕಲಿಸಿದ, ಮಕ್ಕಳೇ ಮಾಡಿ ನೋಡಿದ, ಅದಕ್ಕೆಂದೇ ಹೊತ್ತು ಮೀಸಲಿಟ್ಟ, ಯಾವ ಕೌಶಲ ಎಂದು ಸ್ಪಷ್ಟವಾಗಿ ಹೇಳಿದ ಕಾರ್ಯಕ್ರಮಗಳಲ್ಲಿ ಫಲ ಹೆಚ್ಚು. ವರ್ಷಕ್ಕೊಂದು ಭಾಷಣ, ಒಂದು ಪೋಸ್ಟರ್ ಸ್ಪರ್ಧೆ ಈ ಲೆಕ್ಕಕ್ಕೆ ಬರುವುದಿಲ್ಲ.

ಇಷ್ಟಾದರೂ ಕೆಲವು ಮಕ್ಕಳಿಗೆ ತರಗತಿಯ ಪಾಠ ಸಾಲದು. ಪದೇಪದೇ ಕೆರಳುವ ಮಗುವಿನೊಂದಿಗೆ ಹತ್ತು ದಿನ, ದಿನಕ್ಕೆ ಎರಡು ನಿಮಿಷ, ಓದು-ನಡತೆಯ ಮಾತೇ ಎತ್ತದೆ ಅದಕ್ಕೆ ಇಷ್ಟವಾದ ವಿಷಯ ಮಾತಾಡಿ. ಅದೇ ವೇಳೆಗೆ ಒಂದು ಹಾಳೆಯಲ್ಲಿ ಮೂರು ಕಾಲಂ ಮಾಡಿ ಬರೆಯುತ್ತಾ ಹೋಗಿ: ಸ್ವಲ್ಪ ಮುಂಚೆ ಏನಾಗಿತ್ತು, ಮಗು ಏನು ಮಾಡಿತು, ಆಮೇಲೆ ಏನಾಯಿತು. ದಿನ, ಗಂಟೆ, ಯಾವ ಪಾಠ ಎಂಬುದೂ ಇರಲಿ. ಎರಡು ವಾರ ಕಳೆದರೂ ಬದಲಾಗದಿದ್ದರೆ, ಮಗು ಎಲ್ಲರಿಂದ ದೂರ ಸರಿಯುತ್ತಿದ್ದರೆ, ಮತ್ತೆ ಮತ್ತೆ ಹೊಟ್ಟೆನೋವು ಹೇಳುತ್ತಿದ್ದರೆ, ಆ ಹಾಳೆ ಹಿಡಿದು ಪೋಷಕರನ್ನೂ ಆಪ್ತಸಮಾಲೋಚಕರನ್ನೂ ಒಟ್ಟಿಗೆ ಕೂರಿಸಿ. ‘ನಿಮ್ಮ ಮಗ ಹಠಮಾರಿ’ ಎಂದರೆ ಮಾತು ಅಲ್ಲಿಗೇ ನಿಲ್ಲುತ್ತದೆ. ‘ಗುಂಪು ಬದಲಾದ ದಿನಗಳಲ್ಲೇ ಹೀಗಾಗುತ್ತಿದೆ, ಮನೆಯಲ್ಲಿ ಏನಾದರೂ ಗಮನಿಸಿದ್ದೀರಾ?’ ಎಂದು ಕೇಳಿದರೆ ಅವರೂ ಯೋಚಿಸತೊಡಗುತ್ತಾರೆ. ತನಗೆ ನೋವು ಮಾಡಿಕೊಳ್ಳುವ ಮಾತು ಮಗುವಿನ ಬಾಯಲ್ಲಿ ಬಂದರೆ ಎರಡು ವಾರ ಕಾಯುವಂತಿಲ್ಲ. ಮಗುವನ್ನು ಒಂಟಿಯಾಗಿ ಬಿಡದೆ ಅದೇ ದಿನ ಪೋಷಕರಿಗೂ ತಜ್ಞರಿಗೂ ತಿಳಿಸಬೇಕು.