ಸ್ಟಿಕ್ಕರ್ ಬೆಲ್ಜಿಯಂದು, ಬೆಸುಗೆ ಯಾರದು?

ಪ್ರಶ್ನೆ: ಅಮೆರಿಕದಲ್ಲಿದ್ದೇನೆ. ಸೆಕೆಂಡ್‌ಹ್ಯಾಂಡ್‌ನಲ್ಲಿ ಒಂದು ಟೈಟಾನಿಯಂ ರೋಡ್ ಬೈಕ್ ಫ್ರೇಮ್ ಕೊಂಡೆ. ಡೌನ್ ಟ್ಯೂಬ್ (ಹ್ಯಾಂಡಲ್ ಕಡೆಯಿಂದ ಪೆಡಲ್ ಕಡೆಗೆ ಇಳಿಯುವ ಟ್ಯೂಬು) ಮೇಲೆ ಬೆಲ್ಜಿಯಂನ ಹೆಸರಾಂತ ಸೈಕಲ್ ರೇಸರ್ ಎಡ್ಡಿ ಮರ್ಕ್ಸ್ ಹೆಸರಿದೆ. ‘ತೊಂಬತ್ತರ ದಶಕದ್ದು, ಬೆಲ್ಜಿಯಂನಲ್ಲೇ ಮಾಡಿದ್ದು’ ಅಂತ ಮಾರಿದವರು ಹೇಳಿದ್ದರು. ಇಲ್ಲಿನ ಸೈಕಲ್ ಅಂಗಡಿಯವರು ತಿರುಗಿಸಿ ಮುರುಗಿಸಿ ನೋಡಿ ‘ಇದು ಅಮೆರಿಕದ್ದೇ’ ಅಂದುಬಿಟ್ಟರು. ನಾನು ಮೋಸ ಹೋದೆನಾ? ನಿಜವಾಗಿ ಮಾಡಿದವರು ಯಾರು ಅಂತ ಕಂಡುಹಿಡಿಯುವುದು ಹೇಗೆ?

ಉತ್ತರ: ಅಂಗಡಿಯವರ ಮಾತು ನಿಜವಾಗಿದ್ದರೆ ನೀವು ಮೋಸ ಹೋಗಿಲ್ಲದಿರುವ ಸಾಧ್ಯತೆಯೇ ಹೆಚ್ಚು. 1990ರ ದಶಕದಲ್ಲಿ ಮರ್ಕ್ಸ್ ಹೆಸರು ಹೊತ್ತು ಬಂದ ಟೈಟಾನಿಯಂ ಫ್ರೇಮ್‌ಗಳನ್ನು ಮಾಡಿಕೊಟ್ಟದ್ದು ಟೆನೆಸಿ ರಾಜ್ಯದ ಲೈಟ್‌ಸ್ಪೀಡ್ ಎಂಬ ಕಂಪನಿ. ಬೆಲ್ಜಿಯಂನ ಹೆಸರು, ಅಮೆರಿಕದ ಬೆಸುಗೆ. ಮಾರಿದವರಿಗೆ ಇದು ಗೊತ್ತೇ ಇರಲಿಕ್ಕಿಲ್ಲ. ಹೆಸರಿನ ಕಂಪನಿಗಳು ಇಂಥದ್ದನ್ನು ಡಂಗುರ ಸಾರಿ ಹೇಳುತ್ತಿರಲಿಲ್ಲ. ಆದರೆ ಅಸಲಿ ಎಂದು ನಿರಾಳವಾಗುವ ಮೊದಲು ಇನ್ನೊಂದು ಸಾಧ್ಯತೆಯನ್ನು ತಳ್ಳಿಹಾಕಬೇಕು. ಅದು ಆಮೇಲೆ.

ಮರ್ಕ್ಸ್‌ನಂಥವರು ಹೊರಗೆ ಮಾಡಿಸಿದ್ದು ಯಾಕೆ? ರೇಸಿಂಗ್ ಬಿಟ್ಟ ಮರ್ಕ್ಸ್ 1980ರಲ್ಲಿ ಬ್ರಸೆಲ್ಸ್ ಹೊರವಲಯದ ಮೈಸೆಯಲ್ಲಿ ಫ್ರೇಮ್ ಕಾರ್ಖಾನೆ ತೆರೆದರು. ಅಲ್ಲಿನ ಕೈಗಳು ಪಳಗಿದ್ದು ಸ್ಟೀಲ್‌ನಲ್ಲಿ: ಲಗ್ಗಿನೊಳಗೆ (ಟ್ಯೂಬುಗಳು ಸೇರುವಲ್ಲಿನ ಲೋಹದ ತೋಳು) ಟ್ಯೂಬ್ ಕೂರಿಸಿ, ಹಿತ್ತಾಳೆಯನ್ನೋ ಬೆಳ್ಳಿಯನ್ನೋ ಕರಗಿಸಿ ಸಂದಿಗೆ ಇಳಿಸುವ ವಿದ್ಯೆ. ಟೈಟಾನಿಯಂ ಆ ಉಪಚಾರಕ್ಕೆ ಒಗ್ಗುವುದಿಲ್ಲ. ಕಾದಾಗ ಅದು ಗಾಳಿಯಲ್ಲಿನ ಆಕ್ಸಿಜನ್, ನೈಟ್ರೋಜನ್ ಎರಡನ್ನೂ ಹೀರಿಕೊಂಡು ಪೆಡಸಾಗುತ್ತದೆ. ಆದ್ದರಿಂದ ಹೊರಗಿನಿಂದಷ್ಟೇ ಅಲ್ಲ, ಟ್ಯೂಬಿನ ಒಳಗೂ ಆರ್ಗಾನ್ ಅನಿಲ ತುಂಬಿಸಿ, ಗಾಳಿ ಸೋಕದಂತೆ ಟಿಗ್ ವೆಲ್ಡಿಂಗ್ (ವಿದ್ಯುತ್ ಕಿಡಿಯ ಬೆಸುಗೆ) ಮಾಡಬೇಕು. ಇನ್ನು ಟ್ಯೂಬು. ಸೈಕಲ್ಲಿಗೆ ಒಗ್ಗಿದ್ದು 3-2.5 ಎಂದು ಕರೆಯುವ ಮಿಶ್ರಲೋಹ, ಅಂದರೆ ಟೈಟಾನಿಯಂ ಜೊತೆ ಶೇಕಡಾ 3 ಅಲ್ಯುಮಿನಿಯಂ, 2.5 ವೆನೇಡಿಯಂ. ವಿಮಾನದ ಹೈಡ್ರಾಲಿಕ್ ಪೈಪುಗಳಿಗೆಂದು ಅಮೆರಿಕದಲ್ಲಿ ತಯಾರಾಗುತ್ತಿದ್ದ ಸರಕು ಅದು. ಲೋಹವೂ ಅಲ್ಲಿ, ಬೆಸೆಯಬಲ್ಲವರೂ ಅಲ್ಲಿ. ಯುರೋಪಿನ ಹೆಸರಾಂತ ಮನೆಗಳು ಹೊಸ ಕಾರ್ಖಾನೆ ಕಟ್ಟುವ ಬದಲು ಆರ್ಡರ್ ಕೊಟ್ಟವು, ಅಷ್ಟೆ.

ಎಲ್ಲರೂ ಹಾಗೆ ಮಾಡಿದರೆಂದಲ್ಲ. ಮಿಲಾನ್ ಬಳಿಯ ಕುಸಾನೊ ಮಿಲಾನಿನೊದಲ್ಲಿ ಡಿ ರೋಸಾ ಕುಟುಂಬ ಟೈಟಾನಿಯಂ ಬೆಸುಗೆಯನ್ನು ತಾವೇ ಕಲಿತು ತಮ್ಮ ಕಾರ್ಖಾನೆಯಲ್ಲೇ ಮಾಡಿತು. ಹಾಗಾಗಿ ಇಟಲಿಯ ಹೆಸರು ಕಂಡ ಕೂಡಲೇ ‘ಇದೂ ಲೈಟ್‌ಸ್ಪೀಡೇ’ ಎಂದು ತೀರ್ಪು ಕೊಡುವ ಪಂಡಿತರನ್ನು ನಂಬಬೇಡಿ. ಈ ಕ್ಷೇತ್ರದಲ್ಲಿ ಅರ್ಧಂಬರ್ಧ ಗೊತ್ತಿರುವವರ ಕಾಟ ಏನೂ ಗೊತ್ತಿಲ್ಲದವರಿಗಿಂತ ಹೆಚ್ಚು.

ಅಮೆರಿಕದ ಕಥೆಯೂ ಸರಳವಿಲ್ಲ. 1986ರಲ್ಲಿ ಎರಡು ಕಡೆ ಈ ಕೆಲಸ ಶುರುವಾಯಿತು: ಮ್ಯಾಸಚೂಸೆಟ್ಸ್‌ನಲ್ಲಿ ಮೆರ್ಲಿನ್, ಟೆನೆಸಿಯ ಚಟನೂಗ ಬಳಿ ಲಿನ್‌ಸ್ಕಿ ಕುಟುಂಬದ ಮೆಷಿನ್ ಶಾಪಿನಲ್ಲಿ ಲೈಟ್‌ಸ್ಪೀಡ್. ಮೆರ್ಲಿನ್‌ನಲ್ಲಿ ಪಳಗಿದ ರಾಬ್ ವಾಂಡರ್‌ಮಾರ್ಕ್ 1997ರಲ್ಲಿ ಹೊರಬಂದು ಸೆವೆನ್ ಸೈಕಲ್ಸ್ ಕಟ್ಟಿದರು. 1999ರಲ್ಲಿ ಲಿನ್‌ಸ್ಕಿ ಕುಟುಂಬ ಲೈಟ್‌ಸ್ಪೀಡನ್ನು ಮಾರಿತು. ಕೊಂಡ ಕಂಪನಿಯೇ 2000ದ ಸುಮಾರಿಗೆ ಮೆರ್ಲಿನ್ ಹೆಸರನ್ನೂ ಕೊಂಡು ಟೆನೆಸಿಗೆ ಒಯ್ದಿತು. 2006ರಲ್ಲಿ ಲಿನ್‌ಸ್ಕಿಗಳು ಅದೇ ಊರಿನಲ್ಲಿ ತಮ್ಮ ಹೆಸರಿನಲ್ಲೇ ಮತ್ತೆ ಅಂಗಡಿ ತೆರೆದರು. ಈಗ ಲೆಕ್ಕ ಹಾಕಿ: 1995ರ ಮೆರ್ಲಿನ್ ಮ್ಯಾಸಚೂಸೆಟ್ಸ್‌ದು, 2003ರ ಮೆರ್ಲಿನ್ ಟೆನೆಸಿಯದು; 1995ರ ಲೈಟ್‌ಸ್ಪೀಡ್ ಲಿನ್‌ಸ್ಕಿಗಳದು, 2008ರ ಲೈಟ್‌ಸ್ಪೀಡ್ ಅವರದಲ್ಲ. ಸ್ಟಿಕ್ಕರ್ ಅಸಲಿಯಾಗಿದ್ದರೂ ಕಾರ್ಖಾನೆ ಬೇರೆಯಾಗಬಹುದು. ಸ್ಪೆಕ್ಟ್ರಮ್ ಎಂಬ ಹೆಸರಿನಲ್ಲಿ ಸೈಕಲ್ ತಂದ ಟಾಮ್ ಕೆಲಾಗ್ ವಿಷಯ ಇನ್ನೂ ಸೊಗಸು. ಅವರ ಹೆಸರಿನ ಟೈಟಾನಿಯಂ ಫ್ರೇಮುಗಳ ವಿನ್ಯಾಸ ಅವರದು, ಬೆಸುಗೆ ಮೆರ್ಲಿನ್‌ನದು. ಅವರೇ ಮೆರ್ಲಿನ್‌ನ ರೋಡ್ ಫ್ರೇಮುಗಳಿಗೂ ವಿನ್ಯಾಸ ಮಾಡಿಕೊಟ್ಟಿದ್ದರು. ಅಲ್ಲಿ ‘ಮಾಡಿದವರು’ ಯಾರು ಅಂತೀರಿ?

ಹೆಸರು ಒಬ್ಬರದು, ಕೆಲಸ ಇನ್ನೊಬ್ಬರದು ಎನ್ನುವುದು ಬಹಿರಂಗವಾಗಿಯೂ ನಡೆದಿದೆ. 1999ರ ಟೂರ್ ಡಿ ಫ್ರಾನ್ಸ್‌ನ ಟೈಮ್ ಟ್ರಯಲ್‌ಗಳಲ್ಲಿ ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್ ಓಡಿಸಿದ, ಟ್ರೆಕ್ ಕಂಪನಿಯ ಹೆಸರು ಹೊತ್ತ ಸೈಕಲ್ ನಿಜದಲ್ಲಿ ಲೈಟ್‌ಸ್ಪೀಡ್‌ನ ಬ್ಲೇಡ್ ಎಂಬ ಮಾದರಿ. ಆ ಗೆಲುವನ್ನು 2012ರಲ್ಲಿ ಕಿತ್ತುಕೊಂಡದ್ದು ಬೇರೆ ಕಾರಣಕ್ಕೆ, ಉದ್ದೀಪನ ಮದ್ದಿಗೆ.

ಈಗ ನಿಮ್ಮ ಫ್ರೇಮಿಗೆ ಬರೋಣ. ಎಲ್ಲ ಬಿಚ್ಚಿ ಬರಿಯ ಫ್ರೇಮನ್ನು ಬೆಳಕಿಗೆ ಹಿಡಿಯಿರಿ. ಹೆಚ್ಚಿನ ಟೈಟಾನಿಯಂ ಫ್ರೇಮುಗಳಿಗೆ ಬಣ್ಣವಿರುವುದಿಲ್ಲ, ತುಕ್ಕಿನ ಭಯ ಇಲ್ಲದ್ದರಿಂದ ಬೇಕಾಗಿಯೂ ಇಲ್ಲ. ಇದರ ಇನ್ನೊಂದು ಮುಖವೆಂದರೆ, ಹೇರ್ ಡ್ರೈಯರ್ ಹಿಡಿದು ಹಳೆಯ ಸ್ಟಿಕ್ಕರ್ ಕಿತ್ತು ಹೊಸದು ಅಂಟಿಸುವುದು ಯಾರಿಗಾದರೂ ಅರ್ಧ ಗಂಟೆಯ ಕೆಲಸ. ನಾನು ಆಗಲೇ ಹೇಳಿದ ಇನ್ನೊಂದು ಸಾಧ್ಯತೆ ಇದೇ: ಲೈಟ್‌ಸ್ಪೀಡ್ ಎಂದೇ ಮಾರಾಟವಾಗಿದ್ದ ಫ್ರೇಮಿಗೆ ಯಾರೋ ಮರ್ಕ್ಸ್ ಸ್ಟಿಕ್ಕರ್ ಹಚ್ಚಿ ಬೆಲೆ ಏರಿಸಿರಬಹುದು. ಎರಡರ ಬೆಸುಗೆಯೂ ಒಂದೇ ಕಾರ್ಖಾನೆಯದು, ಆದರೆ ಒಂದು ಅಸಲಿ, ಇನ್ನೊಂದು ನಕಲಿ. ಟಾರ್ಚನ್ನು ಓರೆಯಾಗಿ ಹಿಡಿದು ಟ್ಯೂಬ್ ಮೇಲೆ ಹಾಯಿಸಿ. ವರ್ಷಗಟ್ಟಲೆ ಸ್ಟಿಕ್ಕರ್ ಕೂತಿದ್ದ ಜಾಗದ ಹೊಳಪು ಸುತ್ತಲಿನದಕ್ಕಿಂತ ಬೇರೆಯಾಗಿರುತ್ತದೆ. ಈಗಿನ ಅಕ್ಷರಗಳ ಅಡಿಯಿಂದ ಬೇರೆ ಅಕ್ಷರದ ನೆರಳು ಇಣುಕಿದರೆ ಉತ್ತರ ಸಿಕ್ಕಂತೆಯೇ. ಯಾರಾದರೂ ಸ್ಕ್ರಬ್ ಪ್ಯಾಡಿನಿಂದ ಇಡೀ ಫ್ರೇಮನ್ನು ತಿಕ್ಕಿದ್ದರೆ ಈ ಸುಳಿವು ಅಳಿಸಿಹೋಗಿರುತ್ತದೆ. ತೊಂಬತ್ತರ ದಶಕದ ಫ್ರೇಮ್ ಹೊಸದರಂತೆ ಒಂದೇ ಸಮ ಮಿನುಗುತ್ತಿದ್ದರೆ ಅದೇ ಒಂದು ಪ್ರಶ್ನೆ.

ಎರಡನೆಯ ಪರೀಕ್ಷೆ ನನ್ನ ಮಟ್ಟಿಗೆ ಎಲ್ಲಕ್ಕಿಂತ ಗಟ್ಟಿ, ಆದರೂ ಅದನ್ನು ಮಾಡುವವರು ಕಡಿಮೆ: ಅಳತೆ. ಬೆಸುಗೆ ಕಾರ್ಖಾನೆಯದು, ಜ್ಯಾಮಿತಿ ಹೆಸರಿನ ಒಡೆಯನದು. ಮರ್ಕ್ಸ್ ಫ್ರೇಮುಗಳು ತಗ್ಗಿನ ಬಾಟಮ್ ಬ್ರಾಕೆಟ್‌ಗೆ (ಪೆಡಲ್‌ಗಳ ಅಚ್ಚು ತಿರುಗುವ ಜಾಗ), ಇಳಿಜಾರಿನಲ್ಲಿ ಅಲುಗಾಡದ ನಿಲುವಿಗೆ ಹೆಸರಾದವು. ಹೊರಗೆ ಮಾಡಿಸುವಾಗಲೂ ಕಂಪನಿ ತನ್ನ ಅಳತೆಯನ್ನೇ ಕೊಟ್ಟು ಮಾಡಿಸುತ್ತದೆ. ಚಕ್ರ ಹಾಕಿ ಸಮತಟ್ಟು ನೆಲದಲ್ಲಿ ನಿಲ್ಲಿಸಿ. ನೆಲದಿಂದ ಹಿಂಚಕ್ರದ ಅಚ್ಚಿನ ನಡುವಿಗೆ ಎಷ್ಟು, ಬಾಟಮ್ ಬ್ರಾಕೆಟ್ ನಡುವಿಗೆ ಎಷ್ಟು ಅಂತ ಅಳೆದು ಒಂದರಿಂದ ಇನ್ನೊಂದನ್ನು ಕಳೆಯಿರಿ. ಸೀಟಿನ ಕೆಳಗಿನ ಸೀಟ್ ಟ್ಯೂಬಿನ ಕೋನವನ್ನು ಫೋನಿನ ಆಪ್‌ನಿಂದ ತೆಗೆಯಿರಿ, ಮೇಲಿನ ಅಡ್ಡ ಟ್ಯೂಬಿನ, ಅಂದರೆ ಟಾಪ್ ಟ್ಯೂಬಿನ, ಉದ್ದ ಗುರುತು ಮಾಡಿ. ಆ ಕಾಲದ ಮರ್ಕ್ಸ್ ಕ್ಯಾಟಲಾಗಿನ ಪಟ್ಟಿಯನ್ನೂ ಲೈಟ್‌ಸ್ಪೀಡ್ ಪಟ್ಟಿಯನ್ನೂ ಪಕ್ಕಪಕ್ಕ ಇಟ್ಟು ಹೋಲಿಸಿ. ನಿಮ್ಮ ಸೈಜಿನ ಸಾಲು ಯಾವುದಕ್ಕೆ ಹೊಂದುತ್ತದೋ ಅದೇ ಪೇಟೆಗೆ ಬಂದಾಗಿನ ಹೆಸರು. ಒಂದೆರಡು ಮಿಲಿಮೀಟರ್ ವ್ಯತ್ಯಾಸಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಮನೆಯಲ್ಲಿ ಟೇಪ್ ಹಿಡಿದು ಅದಕ್ಕಿಂತ ಸೂಕ್ಷ್ಮವಾಗಿ ಅಳೆಯಲು ಆಗುವುದೂ ಇಲ್ಲ.

ಕಾಲ ಗೊತ್ತುಮಾಡುವುದು ಸುಲಭ. ಹಿಂಚಕ್ರ ಕೂರುವ ಡ್ರಾಪ್‌ಔಟ್‌ಗಳ ನಡುವೆ 126 ಮಿಮೀ ಇದ್ದರೆ ಎಂಬತ್ತರ ದಶಕದ ವಾಸನೆ, 130 ಇದ್ದರೆ ಆಮೇಲಿನದು. ಹೆಡ್ ಟ್ಯೂಬ್ (ಹ್ಯಾಂಡಲ್ ಕೆಳಗೆ ಫೋರ್ಕ್ ಕೂರುವ ಟ್ಯೂಬು) ಒಂದು ಇಂಚಿನ ಫೋರ್ಕಿಗೆ ಆದದ್ದಾದರೆ ತೊಂಬತ್ತರ ದಶಕಕ್ಕೆ ಒಪ್ಪುತ್ತದೆ. ಒಳವ್ಯಾಸ 44 ಮಿಮೀ ಇರುವ ದಪ್ಪ ಹೆಡ್ ಟ್ಯೂಬೋ ಡಿಸ್ಕ್ ಬ್ರೇಕ್ ಜಾಗವೋ ಕಂಡರೆ ಅದು ಈಚಿನ ಫ್ರೇಮ್, ತೊಂಬತ್ತರ ದಶಕದ ಮಾತು ಅಲ್ಲಿಗೇ ಮುಗಿಯಿತು. ಡೌನ್ ಟ್ಯೂಬಿನ ಗೇರ್ ಲಿವರ್ ಬಾಸ್‌ಗಳನ್ನು (ಲಿವರ್ ಕೂರಿಸುವ ಗುಬ್ಬಿಗಳನ್ನು) ಮಾತ್ರ ನೆಚ್ಚಬೇಡಿ. ಬ್ರೇಕ್ ಲಿವರಿನಲ್ಲೇ ಗೇರ್ ಬಂದ ಮೇಲೂ ಕೇಬಲ್ ಸ್ಟಾಪ್ (ಕೇಬಲ್ಲಿನ ಹೊರಕವಚ ಬಂದು ನಿಲ್ಲುವ ತುಣುಕು) ಕೂರಿಸಲು ವರ್ಷಗಟ್ಟಲೆ ಅವನ್ನು ಹಾಕುತ್ತಲೇ ಇದ್ದರು. ಬಾಟಮ್ ಬ್ರಾಕೆಟ್ ಕೂರುವ ಶೆಲ್ 68 ಮಿಮೀ ಅಗಲವಿದ್ದರೆ ಇಂಗ್ಲಿಷ್ ಥ್ರೆಡ್, 70 ಇದ್ದರೆ ಇಟಾಲಿಯನ್. ಮೊದಮೊದಲ ಮೆರ್ಲಿನ್‌ಗಳಲ್ಲಿ ಥ್ರೆಡ್ಡೇ ಇರಲಿಲ್ಲ, ಬೇರಿಂಗನ್ನು ನೇರವಾಗಿ ಶೆಲ್ಲಿಗೆ ಒತ್ತಿ ಕೂರಿಸುತ್ತಿದ್ದರು. ಅಂಥದ್ದೊಂದು ಹಳೆಯ ಫ್ರೇಮ್ ಕೈಗೆ ಸಿಕ್ಕರೆ ಮೇಲೆ ಏನೇ ಬರೆದಿರಲಿ, ಮೊದಲ ಅನುಮಾನ ಮ್ಯಾಸಚೂಸೆಟ್ಸ್ ಕಡೆಗೇ ಹೋಗಬೇಕು.

ಇನ್ನು ಕಾರ್ಖಾನೆ. ಎಲ್ಲರೂ ಮೊದಲು ನೋಡುವುದು ಬೆಸುಗೆಯ ಸಾಲನ್ನು. ವೆಲ್ಡರ್‌ನ ಕೈಬರಹ ಅದು, ನಿಜ. ಆದರೆ ಒಂದೇ ಕಾರ್ಖಾನೆಯಲ್ಲಿ ಹಲವು ಕೈಗಳಿರುತ್ತವೆ, ಫೋಟೋ ನೋಡಿ ಬೆಸುಗೆಯ ಮೇಲೆ ಹೆಸರು ಹೇಳುವವರ ಧೈರ್ಯ ನನಗಿಲ್ಲ. ಬೆಸುಗೆ ಹೇಳುವುದು ಗುಣಮಟ್ಟವನ್ನು: ಸಾಲು ಒಂದೇ ಅಗಲವಿದೆಯೇ, ಬಣ್ಣ ಬೆಳ್ಳಿಯದೇ ಅಥವಾ ತೆಳು ಒಣಹುಲ್ಲಿನದೇ, ಇಲ್ಲಾ ನೀಲಿ, ಬೂದಿಗೆ ತಿರುಗಿದೆಯೇ. ನೀಲಿ ಬೂದಿ ಎಂದರೆ ಆರ್ಗಾನ್ ಸಾಲದೆ ಗಾಳಿ ಸೋಕಿದೆ ಎಂದು. ಹೊರಗಿನ ಬಣ್ಣವನ್ನು ತಿಕ್ಕಿ ತೆಗೆಯಬಹುದು. ಬಾಟಮ್ ಬ್ರಾಕೆಟ್ ತೆಗೆದು ಶೆಲ್ಲಿನ ಒಳಗಿಂದ ಇಣುಕಿದರೆ ಒಳಮೈಯ ಬಣ್ಣವನ್ನು ಯಾರೂ ಮುಟ್ಟಿರುವುದಿಲ್ಲ.

ಮಾಡಿದವರ ಗುರುತು ನಿಲ್ಲುವುದು ಸಣ್ಣ ಭಾಗಗಳಲ್ಲಿ. ಡ್ರಾಪ್‌ಔಟ್‌ಗಳನ್ನು ಕಾರ್ಖಾನೆಯವರು ತಮ್ಮದೇ ನಮೂನೆಯಲ್ಲಿ ಒಟ್ಟಿಗೆ ಕತ್ತರಿಸಿ ಇಟ್ಟುಕೊಳ್ಳುತ್ತಾರೆ. ಗಿರಾಕಿ ಮರ್ಕ್ಸ್ ಆದರೇನು, ತಮ್ಮದೇ ಲೇಬಲ್ ಆದರೇನು, ಡಬ್ಬದಿಂದ ಅದನ್ನೇ ತೆಗೆದು ಹಾಕುತ್ತಾರೆ. ಹಿಂಬ್ರೇಕ್ ಕೂರುವ ಅಡ್ಡಪಟ್ಟಿ ಬ್ರೇಕ್ ಬ್ರಿಡ್ಜಿನ ಆಕಾರ, ಕೇಬಲ್ ಸ್ಟಾಪ್‌ಗಳ ತುದಿ, ಸೀಟ್ ಟ್ಯೂಬಿನ ತಲೆಯಲ್ಲಿ ಸೀಳು ಹಿಂದಿದೆಯೋ ಮುಂದಿದೆಯೋ, ಚೈನ್‌ಸ್ಟೇ (ಬಾಟಮ್ ಬ್ರಾಕೆಟ್‌ನಿಂದ ಹಿಂಚಕ್ರಕ್ಕೆ ಹೋಗುವ ಟ್ಯೂಬು) ಎಲ್ಲಿ ಬಾಗುತ್ತದೆ, ಅದರ ನಡುವೆ ಅಡ್ಡ ಬ್ರಿಡ್ಜ್ ಇದೆಯೋ ಇಲ್ಲವೋ: ಇವಿಷ್ಟನ್ನು ಹತ್ತಿರದಿಂದ ಫೋಟೋ ತೆಗೆದು, ಅದೇ ವರ್ಷದ ಆಸುಪಾಸಿನ ಲೈಟ್‌ಸ್ಪೀಡ್ ಫ್ರೇಮುಗಳ ಜೊತೆ ಇಟ್ಟು ನೋಡಿ. ಒಂದು ಹೊಂದಿದರೆ ಕಾಕತಾಳೀಯ. ನಾಲ್ಕು ಹೊಂದಿದರೆ ನಿಮ್ಮ ಅಂಗಡಿಯವರ ಕಣ್ಣು ಚುರುಕು.

ಸೀರಿಯಲ್ ನಂಬರ್ ಸಾಮಾನ್ಯವಾಗಿ ಬಾಟಮ್ ಬ್ರಾಕೆಟ್ ಶೆಲ್ಲಿನ ಅಡಿಯಲ್ಲೋ ಡ್ರಾಪ್‌ಔಟ್ ಮೇಲೋ ಇರುತ್ತದೆ. ಮಸುಕಾಗಿದ್ದರೆ ತೆಳು ಕಾಗದ ಇಟ್ಟು ಮೇಲೆ ಪೆನ್ಸಿಲ್ ಆಡಿಸಿ. ಲೈಟ್‌ಸ್ಪೀಡ್, ಸೆವೆನ್, ಕೊಲರಾಡೊದ ಮೂಟ್ಸ್‌ನಂಥವರಿಗೆ ನಂಬರ್ ಹಾಗೂ ಫೋಟೋಗಳನ್ನು ಕಳಿಸಿ ಕೇಳಬಹುದು. ‘ಇದು ಅಸಲಿಯಾ?’ ಅಂತ ಕೇಳಬೇಡಿ, ‘ಈ ನಂಬರ್ ನಿಮ್ಮ ಕಾರ್ಖಾನೆಯ ಕ್ರಮಕ್ಕೆ ಹೊಂದುತ್ತದೆಯೇ?’ ಅಂತ ಕೇಳಿ. ಹಳೆಯ ಫ್ರೇಮಿನ ಅಸಲಿತನಕ್ಕೆ ಮೇಲ್‌ನಲ್ಲಿ ಸಹಿ ಹಾಕಲು ಯಾರೂ ಮುಂದೆ ಬರುವುದಿಲ್ಲ. ನಂಬರ್ ಜಾಗವನ್ನು ಅರದಿಂದ ಉಜ್ಜಿದ್ದು ಕಂಡರೆ ಬೇರೆ ವಿಚಾರ, ಆಗ ಕಳವು ಮಾಲಿನ ಪಟ್ಟಿಗಳನ್ನು ನೋಡಬೇಕು.

2000ದ ನಂತರದ ಫ್ರೇಮಾದರೆ ಈ ಹುಡುಕಾಟ ಪೂರ್ವಕ್ಕೆ ತಿರುಗುತ್ತದೆ. ಚೀನಾದ ಶಿಯಾನ್, ಬಾವೋಜಿ ಸುತ್ತ ಟೈಟಾನಿಯಂ ಉದ್ಯಮವೇ ಬೆಳೆದಿದೆ. ಅಲ್ಲಿನ ಎಕ್ಸ್‌ಎಸಿಡಿ, ಶಿಯಾಮೆನ್‌ನ ವಾಲ್ಟ್ಲಿ, ತೈವಾನಿನ ಓರಾ ಇವರೆಲ್ಲ ಬೇರೆಯವರ ಹೆಸರಿಗೆ ಮಾಡಿಕೊಡುವವರು. ಮೊದಲ ಎರಡು ಕಡೆ ಒಬ್ಬನೇ ಗಿರಾಕಿ ತನ್ನ ಅಳತೆ ಕಳಿಸಿದರೂ ಒಂದು ಫ್ರೇಮ್ ಮಾಡಿಕೊಡುತ್ತಾರೆ. ಅಂಥ ಫ್ರೇಮಿನ ಮೇಲೆ ಯಾವ ಹೆಸರು ಬೇಕಾದರೂ ಇರಬಹುದು, ಹುಡುಕಲು ಕ್ಯಾಟಲಾಗೂ ಇರುವುದಿಲ್ಲ. ಚೀನಾದ್ದೆಂದು ಮೂಗು ಮುರಿಯಬೇಕಿಲ್ಲ; ಅವುಗಳಲ್ಲಿ ಒಳ್ಳೆಯ ಬೆಸುಗೆಯವು ಎಷ್ಟೋ ಇವೆ.

ಇಷ್ಟೆಲ್ಲ ಕಷ್ಟಪಟ್ಟು ಉಪಯೋಗವೇನು ಎಂದರೆ, ಬೆಲೆ ಒಂದು, ಬಿರುಕು ಇನ್ನೊಂದು. ವಾರಂಟಿ ಸಾಮಾನ್ಯವಾಗಿ ಮೊದಲ ಕೊಳ್ಳುವವರಿಗೆ ಮಾತ್ರ, ಆದ್ದರಿಂದ ಆ ಆಸೆ ಬಿಡಿ. ಆದರೆ ಚೈನ್‌ಸ್ಟೇ ಬುಡದಲ್ಲೋ ಸೀಟ್ ಟ್ಯೂಬಿನ ತಲೆಯಲ್ಲೋ ಗೆರೆ ಕಂಡರೆ, ಯಾವ ಮಿಶ್ರಲೋಹದ ಟ್ಯೂಬು ಎಂದು ತಿಳಿದಿರುವ ಕಾರ್ಖಾನೆಯೇ ದುಡ್ಡು ತೆಗೆದುಕೊಂಡು ಸರಿಮಾಡಿಕೊಟ್ಟರೆ ಅದಕ್ಕಿಂತ ಒಳ್ಳೆಯದಿಲ್ಲ. ನೀವು ಅಮೆರಿಕದಲ್ಲಿರುವಾಗಲೇ ಇದನ್ನು ಮುಗಿಸಿಕೊಳ್ಳುವುದು ಲೇಸು. ಮುಂದೆ ಫ್ರೇಮನ್ನು ಬೆಂಗಳೂರಿಗೆ ತಂದ ಮೇಲೆ ಬಿರುಕು ಬಿಟ್ಟರೆ, ಪೀಣ್ಯದಲ್ಲಿ ಟಿಗ್ ವೆಲ್ಡಿಂಗ್ ಬೋರ್ಡು ಹಾಕಿದವರು ಬೇಕಾದಷ್ಟು ಜನ ಸಿಗುತ್ತಾರೆ. ಸ್ಟೇನ್‌ಲೆಸ್ ಬೆಸೆದ ಅನುಭವ ಇಲ್ಲಿ ಸಾಲದು. ಟಾರ್ಚ್ ಹಚ್ಚುವ ಮೊದಲು ಅವರನ್ನು ಒಂದೇ ಮಾತು ಕೇಳಿ: ಟ್ಯೂಬಿನ ಒಳಗೆ ಆರ್ಗಾನ್ ಹೇಗೆ ತುಂಬಿಸುತ್ತೀರಿ? ‘ಒಳಗೆ ಯಾಕೆ ಸಾರ್, ಹೊರಗೆ ಸಾಕು’ ಅಂದರೆ ಫ್ರೇಮನ್ನು ಹೆಗಲಿಗೇರಿಸಿ ವಾಪಸ್ ಬನ್ನಿ.